ಕೆಟ್ಟದ್ದು ಕಂಪ್ಯೂಟರ್, ಲೈಸೆನ್ಸ್ ಅಲ್ಲ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಯ ತಹಸೀಲ್ ಕಚೇರಿಗಳ ಆಸುಪಾಸಿನ ಡಿಟಿಪಿ ಅಂಗಡಿಗಳು, ವಾಡಿಯಲ್ಲಿ ಸಿಮೆಂಟ್ ಲಾರಿಗಳ ಲೆಕ್ಕ ಇಡುವ ಟ್ರಾನ್ಸ್‌ಪೋರ್ಟ್ ಆಫೀಸುಗಳು, ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರಿಗಳು, ತೊಗರಿ ಕೊಳ್ಳುವ ಅಡತಿ ಅಂಗಡಿಗಳು ಇವತ್ತು ಒಂದೆರಡು ಕಂಪ್ಯೂಟರ್‌ಗಳ ಮೇಲೇ ನಡೆಯುತ್ತವೆ. ಇಲ್ಲಿನ ಬಿಸಿಲು, ಕಲ್ಲಿನ ಧೂಳು, ಏರಿಳಿಯುವ ವೋಲ್ಟೇಜ್ ಆ ಯಂತ್ರಗಳನ್ನು ಬಹಳ ದಿನ ಬಾಳಲು ಬಿಡುವುದಿಲ್ಲ. ಮದರ್‌ಬೋರ್ಡ್ ಸುಟ್ಟಿತು ಎಂದು ರಿಪೇರಿಗೆ ಒಯ್ದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: “ಹೊಸ ಕಂಪ್ಯೂಟರ್ ತಗೊಳ್ರಿ, ಸಾಫ್ಟ್‌ವೇರ್ ಸೈತ ಹೊಸದೇ ತಗೋಬೇಕಾಗ್ತದ.” ಮೊದಲ ಮಾತು ನಿಜ ಇರಬಹುದು. ಎರಡನೆಯದು ಬಹಳ ಸಲ ನಿಜವಲ್ಲ, ಮತ್ತು ಅದನ್ನು ನಂಬಿ ಸಣ್ಣ ದುಡಿಮೆಯವರು ಸಾವಿರಾರು ರೂಪಾಯಿಯನ್ನು ಎರಡನೇ ಸಲ ಕಟ್ಟುತ್ತಿದ್ದಾರೆ.

ನೀವು ಕೊಂಡದ್ದು ಏನು ಎಂಬುದನ್ನು ಮೊದಲು ತಿಳಿಯಬೇಕು. ಬೆಂಗಳೂರಿನ ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಕಂಪನಿಯ ತೆರಿಗೆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2021ರ ಮಾರ್ಚ್ 2ರಂದು ಇದನ್ನು ಬಿಡಿಸಿ ಹೇಳಿದೆ. ಲೈಸೆನ್ಸ್ ಜೊತೆ ಬರುವ ಸಾಫ್ಟ್‌ವೇರ್‌ನ ಪ್ರತಿಯನ್ನು ಗ್ರಾಹಕ ಬಳಸಬಹುದು, ಆದರೆ ಅದರ ಹಕ್ಕುಸ್ವಾಮ್ಯ ಕಂಪನಿಯಲ್ಲೇ ಉಳಿಯುತ್ತದೆ. ಇನ್ನು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಎಎ) ಕಲಮು ನೇರವಾಗಿ ನಿಮ್ಮ ಬೆನ್ನಿಗಿದೆ. ನ್ಯಾಯವಾಗಿ ಪ್ರತಿ ಹೊಂದಿರುವವನು ಅದು ಯಾವ ಕೆಲಸಕ್ಕೆಂದು ಕೊಡಲ್ಪಟ್ಟಿತ್ತೋ ಆ ಕೆಲಸಕ್ಕೆ ಬಳಸಲು ಪ್ರತಿ ಮಾಡಿಕೊಂಡರೆ, ನಾಶವಾದೀತು ಎಂದು ಬ್ಯಾಕಪ್ ಇಟ್ಟುಕೊಂಡರೆ, ಅದು ಉಲ್ಲಂಘನೆಯಲ್ಲ.

ಆದರೆ ಈ ಕಲಮು ನಿಮ್ಮನ್ನು ಆರೋಪದಿಂದ ಕಾಯುತ್ತದೆಯೇ ಹೊರತು ಹೊಸ ಯಂತ್ರದಲ್ಲಿ ಲೈಸೆನ್ಸ್ ಚಾಲೂ ಮಾಡಿಕೊಡು ಎಂದು ಕಂಪನಿಗೆ ಆದೇಶ ಮಾಡುವುದಿಲ್ಲ. ಆ ಬೀಗದ ಕೈ ಲೈಸೆನ್ಸ್ ಕರಾರಿನಲ್ಲಿದೆ. ಕರಾರು ಓದಬೇಕಾದ್ದು ಅದಕ್ಕೇ.

ವಿಂಡೋಸ್ ತೆಗೆದುಕೊಳ್ಳಿ. ಕಂಪ್ಯೂಟರ್ ಜೊತೆಗೇ ಬಂದ ಒಇಎಂ ಲೈಸೆನ್ಸ್ ಆ ಯಂತ್ರಕ್ಕೇ ಕಟ್ಟಿಬಿದ್ದಿರುತ್ತದೆ; ಬೇರೆ ಯಂತ್ರಕ್ಕೆ ಕೇಳುವ ಹಕ್ಕು ಇಲ್ಲ. ಪ್ರತ್ಯೇಕವಾಗಿ ದುಡ್ಡು ಕೊಟ್ಟು ತಂದ ರಿಟೇಲ್ ಲೈಸೆನ್ಸ್ ಆದರೆ ಹಳೆಯದರಿಂದ ತೆಗೆದು ನಿಮ್ಮದೇ ಇನ್ನೊಂದು ಯಂತ್ರಕ್ಕೆ ಹಾಕಿಕೊಳ್ಳಬಹುದು. ಬಿಲ್ಲಿನಲ್ಲಿ ಯಾವುದೆಂದು ಬರೆಸಿಕೊಳ್ಳದೆ ಅಂಗಡಿಯಿಂದ ಹೊರಗೆ ಬರಬೇಡಿ. ನಮ್ಮ ಭಾಗದ ವ್ಯಾಪಾರಿಗಳು ಹೆಚ್ಚು ಬಳಸುವ ಟ್ಯಾಲಿಯಲ್ಲಿ ದಾರಿ ಇನ್ನೂ ಸುಲಭ. ಹಳೆಯ ಕಂಪ್ಯೂಟರ್ ನಡೆಯುತ್ತಿದ್ದರೆ ಲೈಸೆನ್ಸನ್ನು ಸರೆಂಡರ್ ಮಾಡಿ ಹೊಸದರಲ್ಲಿ ಆಕ್ಟಿವೇಟ್ ಮಾಡಬೇಕು. ಯಂತ್ರ ಪೂರ್ತಿ ಸತ್ತಿದ್ದರೆ ಸರೆಂಡರ್ ಆಗುವುದಿಲ್ಲ. ಆಗ ಲೈಸೆನ್ಸ್ ರೀಸೆಟ್ ಮಾಡುವ ವ್ಯವಸ್ಥೆ ಇದೆ. ಕೆಲವು ಕನ್ನಡ ಡಿಟಿಪಿ ಸಾಫ್ಟ್‌ವೇರ್‌ಗಳು ಯುಎಸ್‌ಬಿ ಲಾಕ್ ಜೊತೆ ಬರುತ್ತವೆ. ಅಲ್ಲಿ ಲೈಸೆನ್ಸ್ ಇರುವುದು ಲಾಕ್‌ನಲ್ಲಿ. ಸುಟ್ಟ ಸಿಪಿಯು ಗುಜರಿಗೆ ಹಾಕುವಾಗ ಹಿಂದೆ ಚುಚ್ಚಿದ ಆ ಬೆರಳುದ್ದದ ವಸ್ತುವನ್ನು ತೆಗೆದಿಟ್ಟುಕೊಳ್ಳಿ.

ನಿಜವಾದ ತೊಡಕು ಇರುವುದು ನೋಂದಣಿಯಲ್ಲಿ. ಸಾಫ್ಟ್‌ವೇರ್ ಹಾಕಲು ಬಂದ ಹುಡುಗ ಅವಸರದಲ್ಲಿ ತನ್ನ ಇ-ಮೇಲ್, ತನ್ನ ಮೊಬೈಲ್ ನಂಬರ್ ಕೊಟ್ಟು ನೋಂದಣಿ ಮುಗಿಸಿರುತ್ತಾನೆ. ಮೂರು ವರ್ಷದ ಮೇಲೆ ಯಂತ್ರ ಕೆಟ್ಟಾಗ ಒಟಿಪಿ ಹೋಗುವುದು ಅವನಿಗೆ. ಅವನು ಆ ಕೆಲಸ ಬಿಟ್ಟಿರಬಹುದು, ಒಟಿಪಿ ಹೇಳಲು ದುಡ್ಡು ಕೇಳಲೂಬಹುದು. ದುಡ್ಡು ಕೊಟ್ಟವರು ನೀವು, ಬಿಲ್ ನಿಮ್ಮ ಹೆಸರಿನಲ್ಲಿದೆ. ಬಿಲ್, ಸೀರಿಯಲ್ ನಂಬರ್, ಗುರುತಿನ ದಾಖಲೆ, ಜಿಎಸ್‌ಟಿ ನೋಂದಣಿ ಇದ್ದರೆ ಅದರ ಪ್ರತಿ ಸೇರಿಸಿ, ನೋಂದಾಯಿತ ಇ-ಮೇಲ್, ಮೊಬೈಲ್ ನಂಬರ್ ಬದಲಿಸಿಕೊಡಿ ಎಂದು ನೇರವಾಗಿ ಕಂಪನಿಗೇ ಬರೆಯಿರಿ, ಮಾರಿದವರಿಗೆ ಅಲ್ಲ. ಫೋನಿನಲ್ಲಿ ಹೇಳಿದ ಮಾತಿಗೆ ಮುಂದೆ ಸಾಕ್ಷಿ ಇರುವುದಿಲ್ಲ. ಇ-ಮೇಲ್ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಯಂತ್ರ ರಿಪೇರಿ ಆಗದು ಎಂದು ಸರ್ವಿಸ್ ಸೆಂಟರ್‌ನಿಂದ ಒಂದು ಚೀಟಿ ಬರೆಸಿಕೊಳ್ಳಿ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಎಲ್ಲಿ ಕೊಂಡಿದ್ದರೂ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ದೆಹಲಿಯಲ್ಲಿರಲಿ, ಪುಣೆಯಲ್ಲಿರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕನ್ನು 34ನೇ ಕಲಮು ಕೊಟ್ಟಿದೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರೂ ಕಡ್ಡಾಯವಲ್ಲ. ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತು ಇದೆ, ಆಯೋಗಕ್ಕೆ ಹೋಗುವಂತಿಲ್ಲ ಎಂದು ಕಂಪನಿ ಹೆದರಿಸಿದರೆ ಹೆದರಬೇಡಿ. ಎಮಾರ್ ಎಂಜಿಎಫ್ ವಿರುದ್ಧ ಅಫ್ತಾಬ್ ಸಿಂಗ್ ಪ್ರಕರಣದಲ್ಲಿ 2018ರಲ್ಲೇ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಆದರೆ ತಕರಾರು ಹುಟ್ಟಿದ 2 ವರ್ಷದೊಳಗೆ ದೂರು ದಾಖಲಾಗಬೇಕು. ಪತ್ರ ವ್ಯವಹಾರ ನಡೆಯುತ್ತಿತ್ತು ಎಂಬ ಕಾರಣಕ್ಕೆ ಆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲ.

ಎಲ್ಲರಿಗೂ ಈ ಬಾಗಿಲು ತೆರೆದಿಲ್ಲ. ಪಾಲಿ ಮೆಡಿಕ್ಯೂರ್ ಕಂಪನಿ ಬ್ರಿಲಿಯೊ ಟೆಕ್ನಾಲಜೀಸ್ ಮೇಲೆ ಹೂಡಿದ ಪ್ರಕರಣದಲ್ಲಿ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ವ್ಯವಹಾರ ನಡೆಸಲು ಸಾಫ್ಟ್‌ವೇರ್ ಲೈಸೆನ್ಸ್ ಕೊಂಡ ಕಂಪನಿ ‘ಗ್ರಾಹಕ’ ಅಲ್ಲ, ಅದು ವಾಣಿಜ್ಯ ಉದ್ದೇಶದ ಖರೀದಿ ಎಂದು ತೀರ್ಪು ಕೊಟ್ಟಿತು. ಸಿಮೆಂಟ್ ಕಾರ್ಖಾನೆ, ದೊಡ್ಡ ದಾಲ್ ಮಿಲ್ ಇಂಥ ದೂರಿಗೆ ಸಿವಿಲ್ ಕೋರ್ಟಿಗೇ ಹೋಗಬೇಕು. ವ್ಯವಹಾರಕ್ಕೆಂದು ಕೊಂಡವರಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡವನನ್ನು ಮಾತ್ರ ಕಾಯ್ದೆ ಗ್ರಾಹಕನೆಂದು ಒಪ್ಪುತ್ತದೆ. ಹಾಗಾಗಿ ತಾನೇ ಕೂತು ಟೈಪ್ ಮಾಡುವ ಚಿಂಚೋಳಿಯ ಡಿಟಿಪಿ ಅಂಗಡಿಯವರು ದೂರಿನ ಮೊದಲ ಸಾಲುಗಳಲ್ಲೇ ಈ ಮಾತು ಬರೆಯಬೇಕು. ಇದನ್ನು ಬಿಟ್ಟರೆ ಎದುರಿನವರು ಮೊದಲು ಹಿಡಿಯುವುದು ಅದನ್ನೇ.

ಇಷ್ಟೆಲ್ಲ ಯಾಕೆ, ಕ್ರ್ಯಾಕ್ ಹಾಕಿಕೊಟ್ಟರಾಯಿತು ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಅಕ್ರಮ ಪ್ರತಿ ಎಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದರೆ ಹಕ್ಕುಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಹಳೆಯ ಬಿಲ್ ತೋರಿಸಿ ಪಾರಾಗಬಹುದು ಎಂದು ನಂಬಬೇಡಿ. ಲೈಸೆನ್ಸ್ ಮರಳಿ ಬಂದರೂ ಲೆಕ್ಕದ ಡೇಟಾ ತಾನಾಗಿ ಬರುವುದಿಲ್ಲ ಎಂಬುದೂ ನೆನಪಿರಲಿ. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಇಡಬೇಕು. ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿ, ಬೇರೆ ಜಾಗದಲ್ಲಿ ಇರಲಿ.

ದೂರು ಬರೆಯಲು ನೆರವು ಬೇಕಿದ್ದರೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಿ, ಇಲ್ಲವೆ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವಕೀಲರ ನೆರವು ಉಚಿತ. ಅದಕ್ಕೂ ಮೊದಲು, ಕಂಪ್ಯೂಟರ್ ಇನ್ನೂ ನಡೆಯುತ್ತಿರುವ ಇವತ್ತೇ, ನಿಮ್ಮ ಲೈಸೆನ್ಸ್ ಯಾರ ಮೊಬೈಲ್, ಯಾರ ಇ-ಮೇಲ್ ಮೇಲಿದೆ ಎಂದು ತೆರೆದು ನೋಡಿ. ನಿಮ್ಮದಲ್ಲದಿದ್ದರೆ ಈ ವಾರದಲ್ಲೇ ಬದಲಿಸಿಕೊಳ್ಳಿ.