ಹಳೆಯ ಕಾರಿನ ಒಳಮೈ: ಕಾರ್ಖಾನೆಯ ಬಣ್ಣವನ್ನು ಮರಳಿ ಪಡೆಯುವ ಕ್ರಮ

ಹಳೆಯ ಕಾರನ್ನು ಪೂರ್ವಸ್ಥಿತಿಗೆ ತರಬೇಕೆಂಬ ಸಂಕಲ್ಪದಿಂದ ಕೆಲಸಕ್ಕೆ ತೊಡಗಿದವರು ಇಂಜಿನ್ನಿಗೂ ಹೊರಮೈಯ ವರ್ಣಕ್ಕೂ ಸಲ್ಲಿಸುವ ಶ್ರದ್ಧೆಯಲ್ಲಿ ಅರ್ಧಭಾಗವನ್ನಾದರೂ ಒಳಮೈಯ ಲೋಹಭಾಗಗಳಿಗೆ ಮೀಸಲಿಡುವುದು ವಿರಳ. ಡ್ಯಾಶ್‌ಬೋರ್ಡು, ಗ್ಲವ್ ಬಾಕ್ಸಿನ ಮುಚ್ಚಳ, ಸ್ಟೀರಿಂಗ್ ಕಾಲಮ್ಮು, ಬಾಗಿಲಿನ ಒಳ ಅಂಚು, ಮುಂಗಾಜಿನ ಇಕ್ಕೆಲದ ಕಂಬಗಳು ಇವೆಲ್ಲವೂ 1950ರ ಮತ್ತು 1960ರ ದಶಕಗಳ ಕಾರುಗಳಲ್ಲಿ ಬಹುಮಟ್ಟಿಗೆ ಉಕ್ಕಿನ ತಗಡಿನಿಂದಲೇ ರಚಿತವಾಗಿ, ಬಣ್ಣದಿಂದಲೇ ಅಲಂಕೃತವಾಗಿದ್ದುವು. ಕಾರು ನಡೆಸುವವರ ದೃಷ್ಟಿ ಹೊತ್ತುಹೊತ್ತಿಗೂ ನೆಲಸುವ ಸ್ಥಾನವೂ ಅದೇ. ಅಲ್ಲಿ ವರ್ಣ ಸರಿಯಿದ್ದು ಕಾಂತಿ ತಪ್ಪಿದ್ದರೆ, ಅಂದರೆ ಮಂದವಾಗಿ ಹೊಳೆಯಬೇಕಾದ ತಗಡು ಕನ್ನಡಿಯಂತೆ ಥಳಥಳಿಸುತ್ತಿದ್ದರೆ, ಉಳಿದೆಲ್ಲ ಪರಿಶ್ರಮವೂ ಇದ್ದಕ್ಕಿದ್ದಂತೆ ಕೃತಕವಾಗಿ ತೋರುತ್ತದೆ. ಒಳಮೈಯ ಬಣ್ಣದಲ್ಲಿ ಹೊಳಪಿನ ಪ್ರಮಾಣವೇ ಅರ್ಧ ಬಣ್ಣವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೆಲಸಕ್ಕೆ ಕೈಹಾಕತಕ್ಕದ್ದು.

ಕಾರ್ಖಾನೆಗಳು ಹೊರಮೈಯನ್ನು ಹೊಳೆಯಿಸಿ ಒಳಮೈಯನ್ನು ಮಂಕಾಗಿಸಿದುದಕ್ಕೆ ಕಾರಣ ಬಿಸಿಲು. ಡ್ಯಾಶ್‌ಬೋರ್ಡಿನ ಮೇಲ್ಭಾಗ ಹೊಳೆದಷ್ಟೂ ಅದರ ಪ್ರತಿಬಿಂಬ ಮುಂಗಾಜಿನಲ್ಲಿ ಮೂಡಿ ಚಾಲಕರ ಕಣ್ಣು ಕುಕ್ಕುತ್ತಿತ್ತು. ಅಮೆರಿಕದಲ್ಲಿ ಈ ವಿಷಯ ಮುಂದೆ ಶಾಸನಕ್ಕೂ ಬಂದಿತು: 1968ರ ಜನವರಿ 1ರಿಂದ ಜಾರಿಗೆ ಬಂದ ಸುರಕ್ಷತಾ ನಿಯಮಗಳಲ್ಲಿ 107ನೆಯದು ಹಾರ್ನಿನ ಬಳೆ, ವೈಪರಿನ ತೋಳು, ಒಳಗನ್ನಡಿಯ ಚೌಕಟ್ಟು ಮೊದಲಾದ ಲೋಹಭಾಗಗಳ ಹೊಳಪು 40 ಮಾನಗಳನ್ನು ಮೀರಕೂಡದೆಂದು ವಿಧಿಸಿತು. ಒಳಮೈಯ ಬಣ್ಣದ ಮಂದಕಾಂತಿ ಕೇವಲ ಅಭಿರುಚಿಯ ವಿಷಯವಾಗಿರಲಿಲ್ಲ.

ವಿವರಣೆಯ ಅನುಕೂಲಕ್ಕಾಗಿ, 1964ರ ಏಪ್ರಿಲ್ 17ರಂದು ಲೋಕಕ್ಕೆ ಪರಿಚಿತವಾದ ಫೋರ್ಡ್ ಮಸ್ಟಾಂಗಿನ ಮೊದಲ ವರ್ಷಗಳ ಕಾರನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಪ್ರಮಾಣಗಳನ್ನು ಕಲೆಹಾಕುವುದು

ಈ ಕಾರಿನ ಚಾಲಕನ ಕಡೆಯ ಬಾಗಿಲಿನ ಅಂಚಿಗೆ ಹೊಡೆದಿರುವ ಪುಟ್ಟ ಲೋಹದ ಫಲಕದಲ್ಲಿ ಹೊರಬಣ್ಣದ ಸಂಕೇತವೂ ಒಳಸಜ್ಜಿನ ಸಂಕೇತವೂ ಬೇರೆಬೇರೆಯಾಗಿ ಅಚ್ಚಾಗಿರುತ್ತವೆ. 1965ರ ಫಲಕವೊಂದರಲ್ಲಿ ಹೊರಬಣ್ಣಕ್ಕೆ ‘ಎಂ’ ಎಂಬ ಅಕ್ಷರವೂ ಒಳಸಜ್ಜಿಗೆ 25 ಎಂಬ ಅಂಕಿಯೂ ಇದ್ದರೆ, ಅದು ವಿಂಬಲ್ಡನ್ ವೈಟ್ ಎಂಬ ಬಿಳಿಯ ಮೈಯೂ ಕೆಂಪು ಒಳಾಂಗಣವೂ ಉಳ್ಳ ಕಾರೆಂದು ತಿಳಿಯಬೇಕು. 22 ನೀಲಿಗೆ, 26 ಕಪ್ಪಿಗೆ. ಒಳಮೈಯ ಕೆಂಪು ಹೊರಮೈಗೆ ದೊರೆಯುತ್ತಿದ್ದ ರಂಗೂನ್ ರೆಡ್ ಎಂಬ ಕೆಂಪೇ ಇರಬೇಕೆಂದು ಊಹಿಸಿ ಅದೇ ಡಬ್ಬಿಯನ್ನು ತರಿಸುವುದು ಪ್ರಮಾದಕ್ಕೆ ದಾರಿ.

ಫಲಕವೂ ವರ್ಣಪಟ್ಟಿಯೂ ನಮ್ಮ ತಾರ್ಕಿಕರು ಹೇಳುವ ಶಬ್ದಪ್ರಮಾಣಕ್ಕೆ ಸಮಾನವಾದವು. ಅವುಗಳಿಗಿಂತ ಬಲವತ್ತರವಾದ ಪ್ರತ್ಯಕ್ಷಪ್ರಮಾಣ ಕಾರಿನೊಳಗೇ ಅಡಗಿರುತ್ತದೆ. ಬಿಚ್ಚುವ ಕೆಲಸಕ್ಕೆ ಮೊದಲೇ ಎಲ್ಲ ಭಾಗಗಳ ಛಾಯಾಚಿತ್ರಗಳನ್ನು, ಮುಖ್ಯವಾಗಿ ಹೊರಬಣ್ಣ ನಿಂತು ಒಳಬಣ್ಣ ಆರಂಭವಾಗುವ ಗೆರೆಯು ಬಾಗಿಲಿನ ಅಂಚಿನಲ್ಲಿ ಎಲ್ಲಿ ಹಾದುಹೋಗಿದೆ, ಆ ಗೆರೆ ಕತ್ತರಿಸಿದಂತೆ ಸ್ಪಷ್ಟವಾಗಿದೆಯೋ ತುಂತುರಿನಿಂದ ಮಸುಕಾಗಿದೆಯೋ ಎಂಬುದು ಕಾಣುವಂತೆ, ತೆಗೆದಿಟ್ಟುಕೊಳ್ಳಬೇಕು. ಬಳಿಕ ಬಿಸಿಲೂ ಹೊಗೆಯೂ ಪಾಲಿಷೂ ತಾಗದ ಜಾಗಗಳನ್ನು ಹುಡುಕಬೇಕು: ಡ್ಯಾಶ್‌ಬೋರ್ಡಿನ ಮೇಲಿನ ಮೆತ್ತೆಯ ಅಂಚಿನ ಕೆಳಗೆ, ಆ್ಯಶ್‌ಟ್ರೇಯ ಹಿಂದೆ, ರೇಡಿಯೋವಿನ ಚೌಕಟ್ಟಿನ ಅಡಿಯಲ್ಲಿ, ಬಾಗಿಲಿನ ಒಳಹಲಗೆಯನ್ನು ಕಳಚಿದಾಗ ತೋರುವ ಪಟ್ಟಿಯಲ್ಲಿ. ಆದರೆ ಅಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಮರೆಯಾದ ಸಂದಿಗಳಲ್ಲಿ ಕಾರ್ಖಾನೆಯವರು ಬಣ್ಣವನ್ನು ತೆಳುವಾಗಿ ಸಿಂಪಡಿಸಿ ಬಿಟ್ಟಿರುವುದುಂಟು. ಅಡಿಯ ಪ್ರೈಮರು ಇಣುಕಿ ವರ್ಣ ಕೆಟ್ಟಂತೆ ಕಾಣುತ್ತದೆ. ಆದುದರಿಂದ ಲೇಪ ಪೂರ್ಣವಾಗಿ ಕೂತಿರುವ, ಆದರೆ ಬೆಳಕು ಕಾಣದ, ಅಂಗೈಯಗಲದ ಜಾಗವನ್ನೇ ಆಯ್ದುಕೊಂಡು, ಮೃದುವಾದ ಸೋಪಿನ ನೀರಿನಿಂದ ಒರೆಸಿ ಒಣಗಿಸತಕ್ಕದ್ದು. ರಬ್ಬಿಂಗ್ ಕಾಂಪೌಂಡಿನಿಂದ ತಿಕ್ಕಿದರೆ ಮಂದಕಾಂತಿ ಅಳಿದು ಸಾಕ್ಷ್ಯವೇ ನಾಶವಾಗುತ್ತದೆ.

ಉತ್ತರಪಾರಾದಲ್ಲಿ ಹುಟ್ಟಿದ ಹಳೆಯ ಅಂಬಾಸಡರುಗಳನ್ನಾಗಲಿ, ಮುಂಬಯಿಯ ಕುರ್ಲಾದಲ್ಲಿ ತಯಾರಾದ ಫಿಯಟ್ 1100ಗಳನ್ನಾಗಲಿ ಕೈಗೆತ್ತಿಕೊಂಡವರಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅಮೆರಿಕದ ಕಾರುಗಳಿಗೆ ಇರುವಂತೆ ಅಂಗಡಿಯಲ್ಲಿ ಕೇಳಿ ಪಡೆಯಬಹುದಾದ ವರ್ಣಪಟ್ಟಿ ಕೈಗೆ ಸಿಕ್ಕದಿದ್ದಾಗ, ಕಾರೇ ತನ್ನ ಕಾರ್ಖಾನೆಯ ಪರವಾಗಿ ನುಡಿಯಬೇಕು.

ಲೇಪದ ಜಾತಿಯನ್ನು ಅರಿಯುವುದು

ಡ್ಯೂಪಾಂಟ್ ಸಂಸ್ಥೆ 1923ರಲ್ಲಿ ಹೊರತಂದು, ಜನರಲ್ ಮೋಟರ್ಸಿನ ಓಕ್‌ಲ್ಯಾಂಡ್ ಕಾರುಗಳ ಮೂಲಕ ಪ್ರಸಿದ್ಧಿಗೆ ಬಂದ ‘ಡ್ಯೂಕೋ’ ನೈಟ್ರೋಸೆಲ್ಯುಲೋಸಿನ ಲ್ಯಾಕರು. ದ್ರಾವಕ ಆರಿದೊಡನೆ ಒಣಗುವ ಈ ಜಾತಿಯ ಲೇಪ ಎಷ್ಟು ವರ್ಷ ಕಳೆದರೂ ಥಿನ್ನರಿನಲ್ಲಿ ಮತ್ತೆ ಕರಗುತ್ತದೆ. ಜನರಲ್ ಮೋಟರ್ಸು ದೀರ್ಘಕಾಲ ಲ್ಯಾಕರಿನ ಪಕ್ಷವನ್ನೇ ಹಿಡಿದಿದ್ದರೆ, ಫೋರ್ಡು ಮತ್ತು ಕ್ರೈಸ್ಲರುಗಳು ಒಲೆಯಲ್ಲಿ ಬೇಯಿಸುವ ಎನಾಮೆಲನ್ನು ನೆಚ್ಚಿಕೊಂಡಿದ್ದುವು; ಬೆಂದ ಎನಾಮೆಲು ಥಿನ್ನರಿಗೆ ಸುಲಭವಾಗಿ ಜಗ್ಗುವುದಿಲ್ಲ. ಮರೆಯಾದ ಮೂಲೆಯೊಂದರಲ್ಲಿ ಲ್ಯಾಕರ್ ಥಿನ್ನರ್ ಸೋಕಿಸಿದ ಹತ್ತಿಯನ್ನು ಅರೆನಿಮಿಷ ಒತ್ತಿಹಿಡಿದು ನೋಡಿದರೆ ಭೇದ ತಿಳಿಯುತ್ತದೆ. ಮಸ್ಟಾಂಗಿನಲ್ಲಿ ಬಣ್ಣವು ಹತ್ತಿಗೆ ಧಾರಾಳವಾಗಿ ಹತ್ತಿಕೊಂಡರೆ, ಮಧ್ಯೆ ಯಾರೋ ಒಬ್ಬರು ಮರುಬಣ್ಣ ಹೊಡೆದಿರುವರೆಂಬ ಸಂಶಯ ನ್ಯಾಯವಾದುದು. ಆಗ ಆ ಜಾಗವನ್ನು ಮಾದರಿಯಾಗಿ ಪರಿಗಣಿಸದೆ ಬೇರೆಡೆ ಹುಡುಕಬೇಕು.

ಮರುಲೇಪಕ್ಕೆ ಮೂಲಜಾತಿಯನ್ನೇ ಬಳಸಬೇಕೆಂಬ ಹಟ ಅನಿವಾರ್ಯವಲ್ಲ. ಇಂದು ದೊರೆಯುವ, ಗಟ್ಟಿಕಾರಕವನ್ನು ಬೆರೆಸಿ ಹೊಡೆಯುವ ಪಾಲಿಯುರಿಥೇನ್ ಬಣ್ಣವು ಬೇಯಿಸಿದ ಎನಾಮೆಲಿನ ನೋಟವನ್ನು ಚೆನ್ನಾಗಿ ಅನುಕರಿಸುತ್ತದೆ. ಆದರೆ ಅಡಿಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಹೊಡೆಯುವ ಈಚಿನ ಪದ್ಧತಿಯನ್ನು ಇಂಥ ಕಾರಿನ ಒಳಮೈಗೆ ತರಬಾರದೆಂಬುದೇ ನನ್ನ ಅಭಿಪ್ರಾಯ. ಅದು ಮಂದವಾಗಿದ್ದರೂ ಬಣ್ಣದ ಮೇಲೆ ಗಾಜಿನ ಪೊರೆಯೊಂದನ್ನು ಹೊದಿಸಿದಂತಹ ಆಳವನ್ನು ತೋರುತ್ತದೆ. ವರ್ಣವೂ ಕಾಂತಿಯೂ ಒಂದೇ ಪದರದಲ್ಲಿರುವ ಹಳೆಯ ಲೇಪಕ್ಕೆ ಆ ಆಳವಿಲ್ಲ.

ವರ್ಣವನ್ನೂ ಕಾಂತಿಯನ್ನೂ ಹೊಂದಿಸುವುದು

ಬಣ್ಣ ಬೆರೆಸಿಕೊಡುವ ದೊಡ್ಡ ಅಂಗಡಿಗಳಲ್ಲಿ ಈಗ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಕೈಯಳತೆಯ ಯಂತ್ರವಿರುತ್ತದೆ. ಗ್ಲವ್ ಬಾಕ್ಸಿನ ಮುಚ್ಚಳವನ್ನೇ ಒಯ್ದು ಅಳೆಯಿಸಿದರೆ ಅದು ವರ್ಣವನ್ನು ಅಂಕಿಗಳಾಗಿ ಪರಿವರ್ತಿಸಿ ಸೂತ್ರವನ್ನು ಸೂಚಿಸುತ್ತದೆ. ಆ ಸೂತ್ರವನ್ನು ಆರಂಭವೆಂದು ಭಾವಿಸಬೇಕು. ಬಣ್ಣ ಹಸಿಯಾಗಿದ್ದಾಗ ಒಂದು ಛಾಯೆ, ಒಣಗಿದಾಗ ಇನ್ನೊಂದು. ಕಲಕುಕಡ್ಡಿಯ ತುದಿಯಲ್ಲಿ ನೋಡಿ ತೃಪ್ತರಾಗುವುದು ಸಲ್ಲದು. ಪ್ರೈಮರ್ ಹೊಡೆದ ತಗಡಿನ ತುಂಡುಗಳ ಮೇಲೆ, ಕಾರಿಗೆ ಹೊಡೆಯಲಿರುವ ಗನ್ನಿನಿಂದಲೇ ಸಿಂಪಡಿಸಿ, ಪೂರ್ಣವಾಗಿ ಒಣಗಿದ ಬಳಿಕ ಮೂಲಮಾದರಿಯ ಮಗ್ಗುಲಲ್ಲಿಟ್ಟು ಹೋಲಿಸಬೇಕು. ಮಧ್ಯಾಹ್ನದ ನೆರಳಿನಲ್ಲಿ ಒಂದಾಗಿ ಕಂಡ ಎರಡು ಬಣ್ಣಗಳು ಹಳದಿ ಬಲ್ಬಿನ ಬೆಳಕಿನಲ್ಲಿ ಬೇರ್ಪಡುವುದುಂಟು, ಏಕೆಂದರೆ ಹಳೆಯ ವರ್ಣದ್ರವ್ಯಗಳೂ ಹೊಸ ವರ್ಣದ್ರವ್ಯಗಳೂ ಬೆಳಕಿನ ತರಂಗಗಳನ್ನು ಹೀರುವ ಬಗೆ ಒಂದೇ ಅಲ್ಲ. ಆದುದರಿಂದ ಹಗಲು, ಬಲ್ಬು, ಟ್ಯೂಬ್‌ಲೈಟು ಈ ಮೂರರಲ್ಲಿಯೂ ನೋಡದೆ ಒಪ್ಪಿಕೊಳ್ಳಬಾರದು.

ಇಲ್ಲಿಯೇ ಹೊಳಪಿನ ಪ್ರಶ್ನೆ ಅಡ್ಡಬರುತ್ತದೆ. ಮಂದವಾದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚದರಿಸುವುದರಿಂದ ಅದೇ ಬಣ್ಣ ಹೊಳೆಯುವ ಮೇಲ್ಮೈಯಲ್ಲಿ ತೋರುವುದಕ್ಕಿಂತ ತಿಳಿಯಾಗಿಯೂ ಬಿಳಿಚಿಕೊಂಡಂತೆಯೂ ಕಾಣುತ್ತದೆ. ಹೊಳೆಯುವ ತುಂಡಿನಲ್ಲಿ ವರ್ಣವನ್ನು ನಿಶ್ಚಯಿಸಿ ಆಮೇಲೆ ಮಂಕುಗೊಳಿಸಿದರೆ ಹೊಂದಿಸಿದ್ದೆಲ್ಲ ಕದಲುತ್ತದೆ. ಮೊದಲು ಕಾಂತಿಯನ್ನು ಸಮೀಪಕ್ಕೆ ತಂದು, ಅನಂತರ ವರ್ಣವನ್ನು ತಿದ್ದಿ, ಮತ್ತೊಮ್ಮೆ ಕಾಂತಿಯನ್ನು ನಿಷ್ಕರ್ಷಿಸುವುದೇ ಸರಿಯಾದ ಕ್ರಮ.

ಹೊಳಪನ್ನು ಅಳೆಯುವ ಗ್ಲಾಸ್‌ಮೀಟರಿನಲ್ಲಿ, 1.567 ವಕ್ರೀಭವನಾಂಕವುಳ್ಳ ನಯವಾದ ಕರಿಯ ಗಾಜಿನ ಹೊಳಪಿಗೆ 100 ಎಂಬ ಬೆಲೆಯನ್ನು ಕೊಟ್ಟಿದೆ. ಸಾಮಾನ್ಯವಾಗಿ 60 ಡಿಗ್ರಿ ಕೋನದಲ್ಲಿ ಅಳೆಯುತ್ತಾರೆ. ಆ ಅಳತೆ 10ಕ್ಕಿಂತ ಕಡಿಮೆ ಬಂದರೆ 85 ಡಿಗ್ರಿಯಲ್ಲಿಯೂ 70ಕ್ಕಿಂತ ಹೆಚ್ಚು ಬಂದರೆ 20 ಡಿಗ್ರಿಯಲ್ಲಿಯೂ ಅಳೆದರೆ ಸೂಕ್ಷ್ಮ ಭೇದ ತಿಳಿಯುತ್ತದೆ. ಮರೆಯಲ್ಲಿ ಉಳಿದ ಮೂಲಲೇಪದ ಮೇಲೆ ನಾಲ್ಕಾರು ಕಡೆ ಅಳೆದು ಬರೆದಿಟ್ಟುಕೊಂಡರೆ ಗುರಿ ಗೊತ್ತಾಯಿತು. ಆ ಗುರಿಯನ್ನು ಮುಟ್ಟಲು ಬಣ್ಣಕ್ಕೆ ಬೆರೆಸುವ ಮ್ಯಾಟಿಂಗ್ ಪೇಸ್ಟಿನಲ್ಲಿರುವುದು ಪ್ರಧಾನವಾಗಿ ಅತಿಸೂಕ್ಷ್ಮವಾದ ಸಿಲಿಕಾ ಕಣಗಳು. ಲೇಪ ಒಣಗಿ ಕುಗ್ಗಿದಾಗ ಅವು ಮೇಲ್ಮೈಯನ್ನು ಕಣ್ಣಿಗೆ ಕಾಣದಷ್ಟು ತರಿತರಿಯಾಗಿಸಿ ಬೆಳಕನ್ನು ಚದರಿಸುತ್ತವೆ. ಪೇಸ್ಟಿನ ಪ್ರಮಾಣವನ್ನು ಕ್ರಮವಾಗಿ ಏರಿಸುತ್ತ ಐದಾರು ತಗಡುಗಳ ಸೋಪಾನವೊಂದನ್ನು ಸಿದ್ಧಪಡಿಸಿಕೊಳ್ಳಿ. ಕಣಗಳು ತಳಕ್ಕಿಳಿಯುವುದರಿಂದ ಡಬ್ಬಿಯನ್ನು ಪ್ರತಿಸಲವೂ ತಳಮುಟ್ಟ ಕಲಕಿ, ಸೋಸಿ, ಆಮೇಲೆ ಗನ್ನಿಗೆ ತುಂಬಬೇಕು. ಗಟ್ಟಿಕಾರಕ ಬೆರೆಸಿದ ಬಣ್ಣದ ಹೊಳಪು ಹೊಡೆದ ದಿನ ಇದ್ದಂತೆ ಇರದೆ ಮುಂದಿನ ಕೆಲವು ದಿನಗಳಲ್ಲಿ ಇಳಿಯುತ್ತದೆ. ಅವಸರಪಟ್ಟು ಅಳೆದ ಅಂಕಿಯನ್ನು ನಂಬಬಾರದು.

ಒಂದೇ ಡಬ್ಬಿಯ ಬಣ್ಣವೂ ಹೊಡೆಯುವ ಕೈಯನ್ನು ಅನುಸರಿಸಿ ಹೊಳಪು ಬದಲಿಸುತ್ತದೆ. ಬೇಗ ಆರುವ ಥಿನ್ನರು, ದೂರದಿಂದ ಹೊಡೆದ ಒಣತುಂತುರು, ತೆಳುವಾದ ಲೇಪ ಮಂಕಿನ ಕಡೆಗೆ ಒಯ್ದರೆ, ನಿಧಾನವಾಗಿ ಆರುವ ಥಿನ್ನರೂ ದಟ್ಟವಾದ ಹಸಿಲೇಪವೂ ಹೊಳಪಿನ ಕಡೆಗೆ ಎಳೆಯುತ್ತವೆ. ಡ್ಯಾಶ್‌ಬೋರ್ಡು, ಗ್ಲವ್ ಬಾಕ್ಸಿನ ಮುಚ್ಚಳ, ಸ್ಟೀರಿಂಗ್ ಕಾಲಮ್ಮು ಇವುಗಳನ್ನು ಒಂದೇ ಬೆರಕೆಯಿಂದ, ಒಂದೇ ದಿನ, ಒಂದೇ ಕೈಯಿಂದ ಮುಗಿಸಬೇಕೆಂಬುದು ಇದಕ್ಕಾಗಿಯೇ.

ತಗಡನ್ನು ಸಿದ್ಧಪಡಿಸುವುದು

ದಶಕಗಳ ಕಾಲ ಡ್ಯಾಶ್‌ಬೋರ್ಡಿಗೆ ಸವರಿದ ಪಾಲಿಷುಗಳ ಸಿಲಿಕೋನು ತಗಡಿನ ಮಡಿಕೆಗಳಲ್ಲಿ ಉಳಿದಿರುತ್ತದೆ. ಅದರ ಮೇಲೆ ಬಣ್ಣ ಬಿದ್ದರೆ ಮೀನಿನ ಕಣ್ಣಿನಂತಹ ಗುಂಡಿಗಳು ಏಳುತ್ತವೆ. ಆದಕಾರಣ ತಿಕ್ಕುವುದಕ್ಕೆ ಮೊದಲೇ ಜಿಡ್ಡು ತೆಗೆಯುವ ದ್ರಾವಕದಿಂದ ಒಂದು ಬಟ್ಟೆಯಲ್ಲಿ ಒರೆಸಿ, ಆರುವ ಮೊದಲು ಇನ್ನೊಂದು ಒಣಬಟ್ಟೆಯಲ್ಲಿ ಎತ್ತಿತೆಗೆಯಬೇಕು. ಆ ಕಾಲದ ಹಳದಿ, ಕೆಂಪು, ಹಸುರು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳಿರುವ ಸಂಭವ ಹೆಚ್ಚು. ಒಣದಾಗಿ ತಿಕ್ಕಿ ಧೂಳೆಬ್ಬಿಸದೆ, ವಾಟರ್ ಪೇಪರಿನಿಂದ ನೀರು ಹಾಕಿಯೇ ತಿಕ್ಕಬೇಕು, ಮಕ್ಕಳು ಸುಳಿಯುವ ಅಂಗಳದಲ್ಲಂತೂ ಸರ್ವಥಾ ಕೂಡದು.

ಲಪ್ಪದ ವಿಷಯದಲ್ಲಿ ಸಂಯಮ ಬೇಕು. ನೆಗ್ಗು ತುಂಬುವುದು ಯುಕ್ತ; ಕಾರ್ಖಾನೆಯ ಸ್ಪಾಟ್ ವೆಲ್ಡಿನ ಗುಳಿಗಳನ್ನೂ ತಗಡುಗಳು ಕೂಡುವ ಸಂದುಗೆರೆಗಳನ್ನೂ ಅಂದವಿಲ್ಲವೆಂದು ಮುಚ್ಚಿಬಿಡುವುದು ಕಾರಿನ ಚರಿತ್ರೆಯನ್ನು ಅಳಿಸಿದಂತೆ. ಬರಿಯ ಉಕ್ಕನ್ನು ಮಳೆಗಾಲದಲ್ಲಿ ಒಂದು ರಾತ್ರಿಯೂ ತೆರೆದಿಡದೆ ಎಪಾಕ್ಸಿ ಪ್ರೈಮರ್ ಹೊಡೆದು, ಅದರ ಮೇಲಿನ ಸರ್ಫೇಸರನ್ನು 400ರಿಂದ 600ರ ವಾಟರ್ ಪೇಪರಿನಲ್ಲಿ ತಿಕ್ಕಿದರೆ ಸಾಕು.

ಹೊಡೆಯುವುದು

ಮಸ್ಟಾಂಗಿನ ಡ್ಯಾಶ್‌ಬೋರ್ಡಿನ ತಗಡು ದೇಹಕ್ಕೇ ಬೆಸೆದುದಾದ್ದರಿಂದ ಅದನ್ನು ಕಾರಿನೊಳಗೇ ಹೊಡೆಯಬೇಕಾಗುತ್ತದೆ. ಗಾಜನ್ನು ತೆಗೆದಿದ್ದರೆ ಉತ್ತಮ; ಇಲ್ಲವಾದರೆ ಸಂಪೂರ್ಣ ಮುಚ್ಚಬೇಕು. 1.3ರಿಂದ 1.4 ಮಿಲಿಮೀಟರಿನ ನಳಿಗೆಯ ಗನ್ನನ್ನು 15ರಿಂದ 20 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಮೊದಲು ಮಡಿಕೆಗಳಿಗೂ ರಂಧ್ರಗಳ ಅಂಚುಗಳಿಗೂ, ಬಳಿಕ ಎದುರುಮೈಗೆ, ಒಂದು ಪಟ್ಟಿಯ ಅರ್ಧದ ಮೇಲೆ ಇನ್ನೊಂದು ಪಟ್ಟಿ ಕೂರುವಂತೆ ಎರಡು ಸಮಲೇಪಗಳನ್ನು ಕೊಡಬೇಕು. ಕೊನೆಯ ಲೇಪದಲ್ಲಿ ಕೈ ತಡೆದರೆ ಆ ಜಾಗ ಹೊಳಪಿನ ಕಲೆಯಾಗಿ ಉಳಿಯುತ್ತದೆ. ಹೊರಮೈಯಲ್ಲಾದರೆ ಧೂಳಿನ ಕಣವನ್ನು ತಿಕ್ಕಿ ಪಾಲಿಷ್ ಮಾಡಬಹುದು. ಮಂದಲೇಪದಲ್ಲಿ ಆ ಉಪಾಯವಿಲ್ಲ, ತಿಕ್ಕಿದ ಜಾಗ ಥಳಥಳಿಸುತ್ತದೆ, ಆ ಭಾಗವನ್ನಷ್ಟೂ ಮತ್ತೆ ಹೊಡೆಯುವುದೊಂದೇ ಗತಿ. ನೆಲಕ್ಕೆ ನೀರು ಚಿಮುಕಿಸಿ ಧೂಳಡಗಿಸುವುದು ಆದುದರಿಂದ ಇಲ್ಲಿ ಎರಡು ಪಟ್ಟು ಅಗತ್ಯ.

ಲ್ಯಾಕರ್ ಹೊಡೆಯುವವರು ಕರಾವಳಿಯ ಅಥವಾ ಮಲೆನಾಡಿನ ಆಷಾಢವನ್ನು ತಪ್ಪಿಸುವುದು ವಿವೇಕ. ಥಿನ್ನರು ಆರುತ್ತಲೇ ತಗಡನ್ನು ತಂಪುಗೊಳಿಸುವುದರಿಂದ ಗಾಳಿಯ ತೇವ ಹಸಿಲೇಪದ ಮೇಲೆ ಸಾಂದ್ರಗೊಂಡು ಬಿಳಿಯ ಮಸುಕು ಕಟ್ಟುತ್ತದೆ. ಮಂದಕಾಂತಿಯ ಲೇಪದಲ್ಲಿ ಈ ದೋಷವನ್ನು ಬೇಕಾದ ಮಂಕೆಂದೇ ಭ್ರಮಿಸುವ ಅಪಾಯವೂ ಇದೆ. ಕಾಯಲಾಗದಿದ್ದರೆ ರಿಟಾರ್ಡರ್ ಬೆರೆಸಿ ಆರುವಿಕೆಯನ್ನು ನಿಧಾನಗೊಳಿಸಬೇಕು.

ಗಟ್ಟಿಕಾರಕವುಳ್ಳ ಬಣ್ಣಗಳ ತುಂತುರಿನಲ್ಲಿ ಐಸೋಸೈನೇಟ್ ಎಂಬ ವಿಷದ್ರವ್ಯವಿದ್ದು, ಅದು ಒಮ್ಮೆ ಶ್ವಾಸಕೋಶವನ್ನು ಕೆರಳಿಸಿತೆಂದರೆ ಆಮೇಲೆ ಅಲ್ಪಪ್ರಮಾಣಕ್ಕೂ ಉಬ್ಬಸ ಬರುವಂತಾಗುವುದುಂಟು. ವಾಸನೆಯಿಂದ ಅದರ ಇರವನ್ನು ಸಕಾಲದಲ್ಲಿ ಅರಿಯುವಂತಿಲ್ಲ. ಮೂಗಿಗೆ ಕಟ್ಟಿದ ಕರವಸ್ತ್ರವಂತೂ ಏನೇನೂ ಸಾಲದು. ಕಾರಿನ ಒಳಗಣಂತಹ ಇಕ್ಕಟ್ಟಿನಲ್ಲಿ, ಹೊರಗಿನ ಶುದ್ಧವಾಯುವನ್ನು ಕೊಳವೆಯ ಮೂಲಕ ಒದಗಿಸುವ ಮುಖವಾಡವಿಲ್ಲದೆ ಇದನ್ನು ಹೊಡೆಯಬೇಡಿ, ಪೇಂಟರನಿಂದ ಹೊಡೆಯಿಸಲೂ ಬೇಡಿ.

ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ಮೆತ್ತೆಯನ್ನೂ ಚೌಕಟ್ಟುಗಳನ್ನೂ ಬಿಗಿಯಬಾರದು. ಬಿಗಿದರೆ ಅಚ್ಚು ಮೂಡುತ್ತದೆ. ಬೆರಕೆಯ ಸೂತ್ರ, ಪೇಸ್ಟಿನ ಪ್ರಮಾಣ, ಥಿನ್ನರಿನ ಹೆಸರು, ಗಾಳಿಯ ಒತ್ತಡ, ಹೊಳಪಿನ ಅಂಕಿ ಇವುಗಳನ್ನು ಪರೀಕ್ಷೆಯ ತಗಡಿನ ಬೆನ್ನಿನ ಮೇಲೆಯೇ ಬರೆದು ಕಾರಿನ ಕಾಗದಪತ್ರಗಳೊಡನೆ ಇರಿಸಬೇಕು. ಆ್ಯಶ್‌ಟ್ರೇಯ ಹಿಂದೆ ದೊರೆತ ಮೂಲಲೇಪದ ತುಣುಕನ್ನು ಟೇಪಿನಿಂದ ಮುಚ್ಚಿ, ಸುತ್ತಲೂ ಹೊಸಬಣ್ಣ ಹೊಡೆದರೂ ಅದನ್ನು ಮಾತ್ರ ಹಾಗೆಯೇ ಬಿಡಿ. ಮುಂದೆ ಈ ಕಾರನ್ನು ಬಿಚ್ಚುವವರು ನಿಮ್ಮ ಕೆಲಸವನ್ನು ಅದರೊಡನೆ ಒರೆಹಚ್ಚಿ ನೋಡಬಹುದು.