ಮಟ್ಟು ಸಾಲದ್ದು, ಮಾತು ನನ್ನದು

ಕೆಂಗೇರಿ ಉಪನಗರದಲ್ಲಿ ಮನೆ ಮಾಡಿ ಮೂವತ್ತು ವರ್ಷವಾಗುತ್ತ ಬಂತು. ಆ ಮನೆಯಲ್ಲಿ ಮಲಗಿದ ರಾತ್ರಿಗಳೆಷ್ಟೋ, ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹೊರಟ ರಾತ್ರಿಗಳೂ ಅಷ್ಟೇ ಇರಬೇಕು. ಹಾಡು ಕಟ್ಟುತ್ತೇನೆ, ಕಟ್ಟಿದ್ದನ್ನು ಊರೂರು ತಿರುಗಿ ಹಾಡುತ್ತೇನೆ. ಜತೆಗೆ ಒಂದು ತಂಬೂರಿ, ಒಂದು ತಮಟೆ, ಸೊಲ್ಲು ಹಿಡಿಯಲು ಮೂವರು. ಈಚೆಗೆ ವಿಜಯನಗರದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗಿ ಬಂದಳು. ಗಿಟಾರ್ ಹಿಡಿದು ಸ್ವಂತ ಹಾಡು ಬರೆಯುವವಳು. "ಸರ್, ಜನಪದ ಕಲೀಬೇಕು, ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳಿದಳು. ವೇದಿಕೆ ಬಿಚ್ಚುವ ಗದ್ದಲದಲ್ಲಿ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಹಿಮ್ಮೇಳದಲ್ಲಿ ಕೂರಬೇಕು

ಇಪ್ಪತ್ತೆರಡರ ವಯಸ್ಸಿನಲ್ಲಿ ಚಿಕ್ಕಲ್ಲೂರು ಜಾತ್ರೆಗೆ ಹೋದೆ. ಬನದ ಹುಣ್ಣಿಮೆಯ ರಾತ್ರಿ ಚಂದ್ರಮಂಡಲ ಹೊತ್ತಿಸಿದ ಮೇಲೆ ಐದು ದಿನ ಅದು ಸಿದ್ದಪ್ಪಾಜಿಯ ಊರು. ನೀಲಗಾರರು ಅಲ್ಲಲ್ಲಿ ಗುಂಪಾಗಿ ಕೂತು ಮಂಟೇಸ್ವಾಮಿ ಕಾವ್ಯ ಹಾಡುತ್ತಿದ್ದರು. ನನಗೂ ಹಾಡುವ ಚಪಲ. ಅವರಲ್ಲಿ ಹಾಡುವ ಹಕ್ಕು ದೀಕ್ಷೆ ಪಡೆದವರದು. ಹಿರಿಯರೊಬ್ಬರು ನನ್ನ ಕೈಗೆ ತಂಬೂರಿ ಕೊಡಲಿಲ್ಲ, ಎದ್ದು ಹೋಗು ಅಂತಲೂ ಅನ್ನಲಿಲ್ಲ. "ಹಿಂದ್ಗಡೆ ಕೂತ್ಕೊ, ಸೊಲ್ಲು ಹಿಡಿ" ಎಂದರು.

ಬೆಳಗಿನ ಜಾವದವರೆಗೆ ಸೊಲ್ಲು ಹಿಡಿದೆ. ಮುಂದಿನವರು ಸಾಲು ಬಿಟ್ಟಲ್ಲಿ ನಾವು ಎತ್ತಿಕೊಳ್ಳಬೇಕು. ಆ ಹೊತ್ತಿನಲ್ಲಿ ಅವರು ಉಸಿರು ತೆಗೆದುಕೊಳ್ಳುತ್ತಾರೆ, ಮುಂದಿನ ಸಾಲು ನೆನೆಯುತ್ತಾರೆ, ಎದುರಿಗೆ ತೂಕಡಿಸುತ್ತಿರುವವರು ಯಾರೆಂದು ನೋಡಿ ಕತೆಯನ್ನು ಅಲ್ಲಿಂದ ತಿರುಗಿಸುತ್ತಾರೆ. ಇಡೀ ರಾತ್ರಿಯ ಕಾವ್ಯ ನಿಂತಿರುವುದು ಹಿಂದಿನವರು ಕೊಡುವ ಅಷ್ಟು ಬಿಡುವಿನ ಮೇಲೆ. ಇಂದಿಗೂ ನನ್ನ ಪಲ್ಲವಿ ಹಿಮ್ಮೇಳದವರ ಒಂದು ಉಸಿರಿಗೆ ಮೀರಿದರೆ, ಮಾತು ಎಷ್ಟೇ ಚೆಂದವಿರಲಿ, ಕತ್ತರಿಸುತ್ತೇನೆ.

2. ಕರೆಂಟು ಹೋದಾಗಲೂ ಹಾಡು ನಡೆಯಬೇಕು

ನಮ್ಮ ಪಶ್ಚಿಮ ಬೆಂಗಳೂರಿಗೆ ಒಬ್ಬ ದೊಡ್ಡ ಹಾಡುಕಟ್ಟುಗನಿದ್ದ ಎಂಬುದನ್ನು ನಾವು ಆಗಾಗ ನೆನೆಯಬೇಕು. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ಬೆಳೆದದ್ದು ಶ್ರೀರಾಮಪುರದಲ್ಲಿ. ರಾಜಾಜಿನಗರದ ನವರಂಗ್ ಚಿತ್ರಮಂದಿರದಿಂದ ನಡೆದೇ ಹೋಗಬಹುದಾದ ದೂರ. ಅಲ್ಲಿನ ಸ್ಮಶಾನದ ನಿಶ್ಶಬ್ದದಲ್ಲಿ ಕೂತು ಓದಿದವರು. 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಆ ಹಾಡುಗಳು ಪುಸ್ತಕದಿಂದ ಹೊರಟು ದಲಿತ ಸಂಘರ್ಷ ಸಮಿತಿಯ ಸಭೆಗಳಿಗೆ, ಕೇರಿಗಳಿಗೆ, ಹಾಸ್ಟೆಲುಗಳಿಗೆ ಹೋದವು. ಮೈಕು ಇಲ್ಲ, ವೇದಿಕೆ ಇಲ್ಲ, ಒಂದು ತಮಟೆ ಸಾಕು. ಬರೆದವರ ಮುಖ ನೋಡದವರ ಬಾಯಲ್ಲೂ ಹಾಡು ಇತ್ತು. ಕಾಲ್ನಡಿಗೆಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಅವು ಕರ್ನಾಟಕ ಸುತ್ತಿದವು.

ಅದಕ್ಕೇ ಹೊಸ ಹಾಡು ಕಟ್ಟಿದಾಗ ಮೊದಲು ನಾನು ಅದನ್ನು ಬರಿ ಚಪ್ಪಾಳೆಯ ಮೇಲೆ ಹಾಡಿ ನೋಡುತ್ತೇನೆ. ಎರಡನೇ ಸಲ ಹಾಡುವಾಗ ಎದುರಿಗಿರುವವರು ಪಲ್ಲವಿ ಎತ್ತಿಕೊಳ್ಳದಿದ್ದರೆ ಆ ಹಾಡಿಗೆ ಎಷ್ಟು ವಾದ್ಯ ಸೇರಿಸಿದರೂ ಪ್ರಯೋಜನವಿಲ್ಲ.

3. ಬೇರೆಯವರ ಊರಿನ ಮಾತು ಬಾಯಿಗೆ ಹೊಂದುವುದಿಲ್ಲ

ಜ್ಞಾನಭಾರತಿಯಲ್ಲಿ ನಾನು ಕನ್ನಡ ಎಂ.ಎ. ಓದುವಾಗ ಸಿದ್ಧಲಿಂಗಯ್ಯನವರೂ ಚಂದ್ರಶೇಖರ ಕಂಬಾರರೂ ಅದೇ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದರು. ಜಿ.ಎಸ್. ಶಿವರುದ್ರಪ್ಪನವರು ಕಟ್ಟಿ ಬೆಳೆಸಿದ ವಿಭಾಗ. ಭಾವಗೀತೆ, ಲಾವಣಿ, ಹೋರಾಟದ ಹಾಡು ಮೂರೂ ಒಂದೇ ಕಾರಿಡಾರಿನಲ್ಲಿ ಓಡಾಡುತ್ತಿದ್ದ ಕಾಲ ಅದು. ಕಂಬಾರರು ತಮ್ಮ ಪದ್ಯವನ್ನು ಓದುವುದಕ್ಕಿಂತ ಹಾಡುವುದೇ ಹೆಚ್ಚು. ಅವರ ಊರು ಘೋಡಗೇರಿಯ ಆ ದನಿಗೆ ಮಾರುಹೋಗಿ ನಾನೂ ಎರಡು ವರ್ಷ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಹಾಡು ಬರೆದೆ. ಹುಬ್ಬಳ್ಳಿ ಕಡೆಯ ಒಂದು ಊರಿನಲ್ಲಿ ಹಾಡಿ ಇಳಿದಾಗ ಮುದುಕರೊಬ್ಬರು ಬಹಳ ಪ್ರೀತಿಯಿಂದ ಹತ್ತಿರ ಕರೆದು, "ತಮ್ಮಾ, ನಿಮ್ಮೂರಾಗ ಹೆಂಗ ಮಾತಾಡ್ತಾರ? ಅದರಾಗ ಒಂದು ಹಾಡಲ್ಲ" ಎಂದರು. ಕೈಯಲ್ಲಿ ಅಂಥದೊಂದು ಹಾಡೂ ಇರಲಿಲ್ಲ. ವಾಪಸು ಬಂದು ಕಾಮಾಕ್ಷಿಪಾಳ್ಯದ ನಲ್ಲಿಯ ಸಾಲು, ನಾಯಂಡಹಳ್ಳಿಯ ಗಾರ್ಮೆಂಟ್ಸ್ ಬಿಡುವ ಹೊತ್ತು, ಇವುಗಳ ಮಾತಿಗೆ ಕಿವಿ ಕೊಟ್ಟೆ.

4. ತಮಟೆಗೆ ಬೆಂಕಿ ಬೇಕು

ಚರ್ಮದ ತಮಟೆ ಇಬ್ಬನಿಗೆ ಸಡಿಲವಾಗುತ್ತದೆ, ಕಾಸಿದರೆ ಬಿಗಿಯುತ್ತದೆ. ನವೆಂಬರಿನ ತುಂತುರಿನಲ್ಲಿ ಬಸವೇಶ್ವರನಗರದ ಬೀದಿಯಲ್ಲಿ ಒಣಹುಲ್ಲು ಎಲ್ಲಿ ಸಿಗಬೇಕು? ಹೋದ ಕೂಡಲೇ ಹತ್ತಿರದ ಅಂಗಡಿಯಲ್ಲಿ ಹಳೆಯ ರಟ್ಟಿನ ಪೆಟ್ಟಿಗೆ ಕೇಳಿಟ್ಟುಕೊಳ್ಳಿ. ಫೈಬರ್ ಹಾಳೆಯ ತಮಟೆಗೆ ಈ ಕಷ್ಟವಿಲ್ಲ, ಆದರೆ ಕಾಸಿದ ಚರ್ಮದ ದನಿ ಎದೆಗೆ ತಾಗುವ ಹಾಗೆ ಅದು ತಾಗುವುದಿಲ್ಲ.

5. ಮಟ್ಟು ಯಾರದೆಂದು ಹೇಳಬೇಕು

ಇದನ್ನು ಬರೆಯಲಿಕ್ಕೇ ಉಳಿದದ್ದೆಲ್ಲ ಬರೆದೆ.

ಮಳವಳ್ಳಿ ಕಡೆಯ ಗದ್ದೆಯೊಂದರಲ್ಲಿ ನಾಟಿ ಹಾಕುವಾಗ ಸುಮಾರು ಎಪ್ಪತ್ತರ ಅಜ್ಜಿಯೊಬ್ಬರು ಹಾಡುತ್ತಿದ್ದರು. ಬಗ್ಗಿ ಪೈರು ಊರುವಾಗ ಇಳಿದು, ಸೊಂಟ ಎತ್ತುವಾಗ ಏರುವ ಮಟ್ಟು. ಬದುವಿನ ಮೇಲೆ ಕೂತು ಕಲಿತೆ. ಅದೇ ಮಟ್ಟಿಗೆ ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಬಗ್ಗೆ ಮಾತು ಕಟ್ಟಿದೆ. ಹಾಡು ಓಡಿತು. ತೊಂಬತ್ತರ ದಶಕದ ಕ್ಯಾಸೆಟ್ಟಿನ ಮೇಲೆ ಸಾಹಿತ್ಯ, ಸಂಗೀತ, ಗಾಯನ ಮೂರಕ್ಕೂ ನನ್ನದೇ ಹೆಸರು ಅಚ್ಚಾಯಿತು. ಅದನ್ನು ಬರೆದುಕೊಟ್ಟವನೂ ನಾನೇ. ಅದೇ ಸುಮಾರಿಗೆ ನನ್ನ ಇನ್ನೊಂದು ಹಾಡು ಬೇರೊಂದು ಕಂಪನಿಯ ಕ್ಯಾಸೆಟ್ಟಿನಲ್ಲಿ 'ಜಾನಪದ' ಎಂದು, ನನ್ನ ಹೆಸರಿಲ್ಲದೆ ಬಂತು. ಆಗ ತಿಂಗಳುಗಟ್ಟಲೆ ಕುದಿದೆ. ಆ ಸಿಟ್ಟಿನ ನಡುವೆಯೂ ಅಜ್ಜಿಯ ನೆನಪು ಒಮ್ಮೆಯೂ ಬರಲಿಲ್ಲ.

ಹತ್ತು ವರ್ಷದ ನಂತರ ಅದೇ ಊರಿನಲ್ಲಿ ಹಾಡುವ ಸಂದರ್ಭ ಬಂತು. ಗಾರ್ಮೆಂಟ್ಸ್ ಹಾಡು ಎತ್ತಿದೆ. ಕೆಳಗೆ ಕೂತಿದ್ದ ಹೆಂಗಸರು ನನ್ನ ಮಾತು ಬಿಟ್ಟು ತಮ್ಮ ಮಾತಿನಲ್ಲಿ ಹಾಡತೊಡಗಿದರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬರು ಬಂದು, "ನಮ್ಮವ್ವನ ಪದ ನಿಮ್ಗೂ ಬತ್ತದಾ!" ಎಂದು ಕೈ ಹಿಡಿದರು. ಅಜ್ಜಿಯ ಮಗಳು. ಅಜ್ಜಿ ಹೋಗಿ ನಾಲ್ಕು ವರ್ಷವಾಗಿತ್ತು. ಮಗಳ ಮಾತಿನಲ್ಲಿ ಆಕ್ಷೇಪವಿರಲಿಲ್ಲ, ಸಂತೋಷವಿತ್ತು. ಅದನ್ನು ಹೊತ್ತುಕೊಂಡು ಬರುವುದು ನನಗೆ ಬೈಗುಳಕ್ಕಿಂತ ಭಾರವಾಯಿತು.

ಹಳೆಯ ಮಟ್ಟಿಗೆ ಹೊಸ ಮಾತು ಹಾಕುವುದು ತಪ್ಪಲ್ಲ. ತಿರುಗಾಡುವ ಹಾಡುಗಾರರೆಲ್ಲ ಹಾಗೇ ಮಾಡಿದ್ದಾರೆ. ಅಮೆರಿಕದ ವುಡಿ ಗಥ್ರಿ 1940ರಲ್ಲಿ ಬರೆದ, ಇಂದು ಅಲ್ಲಿನ ಮಕ್ಕಳೆಲ್ಲ ಹಾಡುವ ನಾಡಿನ ಹಾಡಿನ ಮಟ್ಟು ಕಾರ್ಟರ್ ಕುಟುಂಬದವರು ಹಾಡುತ್ತಿದ್ದ ಭಕ್ತಿಗೀತೆಯದು. ತಪ್ಪಾಗುವುದು ಮೂಲದ ಹೆಸರು ನುಂಗಿದಾಗ. ನಮ್ಮ ನಾಡಗೀತೆಯ ಧಾಟಿಯ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದು, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಆದೇಶ ಹೊರಡಿಸಿತು. ಧಾಟಿಗೆ ಅಷ್ಟು ಬೆಲೆಯಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ನನ್ನಂಥ ಹಾಡು ಬರೆಯುವವರ ರಾಯಧನದ ಹಕ್ಕನ್ನು ಗಟ್ಟಿ ಮಾಡಿತು. ಗದ್ದೆಯ ಅಜ್ಜಿಗೆ ಆದೇಶವೂ ಇಲ್ಲ, ತಿದ್ದುಪಡಿಯೂ ಇಲ್ಲ. ಆಕೆಯ ಪಾಲು ನನ್ನ ಬಾಯಿಂದಲೇ ಬರಬೇಕು.

ಆ ಕಾರ್ಯಕ್ರಮದ ಮುಂದಿನ ತಿಂಗಳು ರೆಕಾರ್ಡರ್ ಹಿಡಿದು ಮತ್ತೆ ಆ ಊರಿಗೆ ಹೋದೆ. ಮಗಳು ತಾಯಿಯ ಅಷ್ಟೂ ಪದಗಳನ್ನು ಎರಡು ಮಧ್ಯಾಹ್ನ ಹಾಡಿದರು. ಒಂದು ಪ್ರತಿ ಅವರ ಮನೆಯಲ್ಲೇ ಉಳಿಯಿತು. ಅಂದಿನಿಂದ ಆ ಹಾಡು ಹಾಡುವ ಮುಂಚೆ ಅಜ್ಜಿಯ ಹೆಸರು, ಊರು ಹೇಳುತ್ತೇನೆ. ಆ ದಿನದ ಸಂಭಾವನೆಯಲ್ಲಿ ಒಂದು ಪಾಲು ಆ ಮನೆಗೆ ಹೋಗುತ್ತದೆ. ಮಗಳು ಮೊದಲು ಬೇಡವೆಂದರು. ದಾನವಲ್ಲ, ಬಾಕಿ ಎಂದು ಹೇಳಿದ ಮೇಲೆ ತೆಗೆದುಕೊಂಡರು.

6. ನವೆಂಬರಿನಲ್ಲಿ ಇಲ್ಲ ಎನ್ನಲು ಕಲಿಯಬೇಕು

ರಾಜ್ಯೋತ್ಸವ ನಮ್ಮ ಕಡೆ ಡಿಸೆಂಬರಿನವರೆಗೂ ನಡೆಯುತ್ತದೆ. ಒಂದೇ ಸಂಜೆ ರಾಜಾಜಿನಗರದಲ್ಲಿ ಒಂದು, ವಿಜಯನಗರದಲ್ಲಿ ಇನ್ನೊಂದು ಒಪ್ಪಿಕೊಂಡು ಒಂದು ವರ್ಷ ಗಂಟಲು ಕಳೆದುಕೊಂಡೆ. ಜನವರಿ ಪೂರ್ತಿ ಮಾತೇ ಇಲ್ಲ. ಈಗ ದಿನಕ್ಕೆ ಒಂದೇ. ಬಂದ ಹಣದಲ್ಲಿ ಹಿಮ್ಮೇಳದವರದ್ದು ಮೊದಲು, ಅದೂ ಅಲ್ಲೇ, ವ್ಯಾನು ಹತ್ತುವ ಮುಂಚೆ.

7. ಒಂದು ನೋಟ್‌ಬುಕ್ ಇಡಬೇಕು

ಮಟ್ಟಿನ ನೋಟ್‌ಬುಕ್. ಯಾರಿಂದ ಕೇಳಿದ್ದು, ಯಾವ ಊರು, ಏನು ಕೆಲಸ ಮಾಡುತ್ತ ಹಾಡುತ್ತಿದ್ದರು. ಬೀಸುವ ಕಲ್ಲಿನ ಮಟ್ಟಿಗೂ ನಾಟಿಯ ಮಟ್ಟಿಗೂ ಇರುವ ವ್ಯತ್ಯಾಸ ಕೈಯ ಕೆಲಸದಲ್ಲಿದೆ, ಅದನ್ನು ಬರೆದಿಡದಿದ್ದರೆ ಲಯ ಮರೆತುಹೋಗುತ್ತದೆ. ಹೊಸದೆನಿಸಿದ ಧಾಟಿ ಬಾಯಿಗೆ ಬಂದರೆ ನನ್ನದೆಂದು ನಂಬುವ ಮುಂಚೆ ಒಮ್ಮೆ ಜಾನಪದ ಲೋಕಕ್ಕೆ ಹೋಗಿಬನ್ನಿ. ಕೆಂಗೇರಿಯಿಂದ ಬಿಡದಿ ದಾಟಿ, ರಾಮನಗರ ದಾಟಿದರೆ ಆಯಿತು. ಐಎಎಸ್ ಅಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಅಲ್ಲಿ ಲೋಕವನ್ನೇ ತೆರೆದರು. ಹೆಸರು ಉಳಿಯದ ಎಷ್ಟೋ ಗಂಟಲುಗಳ ದನಿ ಅಲ್ಲಿ ಉಳಿದಿದೆ. ನನ್ನದೆಂದುಕೊಂಡಿದ್ದ ಎರಡು ಮಟ್ಟುಗಳು ನನಗೆ ಅಲ್ಲೇ ಸಿಕ್ಕವು.

ನನ್ನ ನೋಟ್‌ಬುಕ್ಕಿನ ಕೊನೆಯ ಪುಟ ಮೆಟ್ರೊದಲ್ಲಿ ಬರೆದದ್ದು. ಕೆಂಗೇರಿಯವರೆಗೆ ರೈಲು ಬಂದದ್ದು 2021ರಲ್ಲಿ. ರಾತ್ರಿಯ ಕೊನೆಯ ಗಾಡಿಗಳಲ್ಲಿ ದಿನದ ಕೆಲಸ ಮುಗಿಸಿದವರೇ ಹೆಚ್ಚು. ನಾಯಂಡಹಳ್ಳಿಯಲ್ಲಿ ಹತ್ತಿದ ಹೆಂಗಸೊಬ್ಬರು ಮಡಿಲ ಮಗುವನ್ನು ತಟ್ಟುತ್ತ ಮೆಲ್ಲಗೆ ಗುನುಗುತ್ತಿದ್ದರು. ರಾಯಚೂರು ಕಡೆಯವರು, ಕಟ್ಟಡದ ಕೆಲಸ. ಮಟ್ಟು ನಾನು ಎಂದೂ ಕೇಳದ್ದು. ಯಾರು ಕಲಿಸಿದರು ಎಂದು ಕೇಳಿದೆ. ಅತ್ತೆ ಎಂದರು. ಇಬ್ಬರ ಹೆಸರೂ ಬರೆದುಕೊಂಡಿದ್ದೇನೆ. ಹಾಡು ಇನ್ನೂ ಕಟ್ಟಿಲ್ಲ.