ಸಣ್ಣ ಕಾರನ್ನು ತಗ್ಗಿಸುವ ಮುನ್ನ



ಸಣ್ಣ ಹ್ಯಾಚ್‌ಬ್ಯಾಕ್ ಕಾರನ್ನು ತಗ್ಗಿಸುವುದೆಂದರೆ ಅದರ ಸ್ಪ್ರಿಂಗ್‌ಗಳನ್ನು ಬದಲಿಸಿ, ಬಾಡಿಯನ್ನು ಒಂದೆರಡು ಇಂಚು ನೆಲಕ್ಕೆ ಹತ್ತಿರ ತರುವುದು. ಇದರ ಹಿಂದೆ ಎರಡು ಆಸೆಗಳಿರುತ್ತವೆ. ಟೈರಿಗೂ ಅದರ ಮೇಲಿನ ಮಡ್‌ಗಾರ್ಡ್ ಕಮಾನಿಗೂ ನಡುವೆ ಕಾಣುವ ಖಾಲಿ ಜಾಗ ಮುಚ್ಚಿ, ಕಾರು ನೆಲಕ್ಕಂಟಿ ಕೂತಂತೆ ಕಾಣಬೇಕೆಂಬುದು ಒಂದು. ತಿರುವಿನಲ್ಲಿ ವಾಲದೆ ಹಿಡಿತದಿಂದ ಓಡಬೇಕೆಂಬುದು ಇನ್ನೊಂದು. ಮೊದಲನೆಯದು ಒಂದೇ ಮಧ್ಯಾಹ್ನದಲ್ಲಿ ಕೈಗೂಡುತ್ತದೆ. ಎರಡನೆಯದು ಎತ್ತರ ಇಳಿದ ಮಾತ್ರಕ್ಕೆ ಕೈಗೂಡುವುದಿಲ್ಲ. ಎಷ್ಟೋ ಸಲ ಇದ್ದ ಹಿಡಿತವೂ ಕೆಡುತ್ತದೆ. ಎರಡೂ ಒಂದೇ ಕೆಲಸದಿಂದ ಸಿಗುತ್ತವೆ ಎಂಬ ನಂಬಿಕೆಯೇ ಈ ವಿಷಯದಲ್ಲಿ ಆಗುವ ಬಹುಪಾಲು ತಪ್ಪುಗಳ ಮೂಲ.

ಭಾರತದಲ್ಲಿ ಈ ಮಾರ್ಪಾಡಿಗೆ ಹೆಚ್ಚಾಗಿ ಒಳಗಾಗುವ ಕಾರುಗಳಲ್ಲಿ ಮಾರುತಿ ಸುಜುಕಿ ಸ್ವಿಫ್ಟ್ ಒಂದು. 2005ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಈ ಕಾರಿನ 2018ರ ಮಾದರಿಯ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ., ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,450 ಮಿ.ಮೀ. ಇದರ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಶಾಕ್ ಅಬ್ಸಾರ್ಬರೇ ಕಂಬದಂತೆ ನಿಂತು ಸ್ಪ್ರಿಂಗನ್ನು ಹೊರುತ್ತದೆ. ಕೆಳಗೆ ಒಂದು ಲೋಯರ್ ಆರ್ಮ್ ಚಕ್ರವನ್ನು ಹಿಡಿದಿರುತ್ತದೆ. ಹಿಂಭಾಗದಲ್ಲಿ ಎರಡು ಚಕ್ರಗಳನ್ನು ಸೇರಿಸುವ ಟಾರ್ಷನ್ ಬೀಮ್ ಇದೆ. ಕಡಿಮೆ ಜಾಗ, ಕಡಿಮೆ ಖರ್ಚು, ಕಡಿಮೆ ತೂಕ ಎಂಬ ಕಾರಣಕ್ಕೆ ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದೇ ಜೋಡಿ ಇರುತ್ತದೆ. ಆದ್ದರಿಂದ ಸ್ವಿಫ್ಟ್‌ಗೆ ಹೇಳುವ ಮಾತು ಪೋಲೋ, ಐ20ಯಂಥ ಕಾರುಗಳಿಗೂ ಬಹುಪಾಲು ಹೊಂದುತ್ತದೆ.

ತಗ್ಗಿಸುವುದರಿಂದ ಸಿಗುವ ನಿಜವಾದ ಲಾಭ ಗುರುತ್ವ ಕೇಂದ್ರ ಕೆಳಗಿಳಿಯುವುದು. ಕಾರು ತಿರುವಿನಲ್ಲಿರುವಾಗ ಒಳಬದಿಯ ಚಕ್ರಗಳ ಮೇಲಿನ ಭಾರದ ಒಂದು ಪಾಲು ಹೊರಬದಿಯ ಚಕ್ರಗಳಿಗೆ ಸರಿಯುತ್ತದೆ. ಟೈರಿನ ಮೇಲೆ ಭಾರ ಹೆಚ್ಚಿದಂತೆ ಅದರ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ. ಹೊರಗಿನ ಟೈರು ಗಳಿಸುವುದಕ್ಕಿಂತ ಒಳಗಿನದು ಕಳೆದುಕೊಳ್ಳುವುದೇ ಹೆಚ್ಚು. ಹಾಗಾಗಿ ಭಾರ ಸರಿಯುವುದು ಕಡಿಮೆಯಾದಷ್ಟೂ ನಾಲ್ಕು ಟೈರುಗಳ ಒಟ್ಟು ಹಿಡಿತ ಹೆಚ್ಚುತ್ತದೆ. ತಲೆಯ ಮೇಲೆ ತುಂಬಿದ ಕೊಡ ಹೊತ್ತು ತಿರುಗುವುದಕ್ಕೂ ಸೊಂಟದಲ್ಲಿ ಇಟ್ಟುಕೊಂಡು ತಿರುಗುವುದಕ್ಕೂ ಇರುವ ವ್ಯತ್ಯಾಸ ಇಲ್ಲೂ ಇದೆ.

ಆದರೆ ಈ ಲಾಭ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬೇಕು. ಚಾಲಕನೂ ಸೇರಿ 1,000 ಕೆ.ಜಿ. ತೂಗುವ ಒಂದು ಕಾರು. ಅದರ ಎಡ-ಬಲ ಚಕ್ರಗಳ ಅಂತರ 1.5 ಮೀಟರ್, ಗುರುತ್ವ ಕೇಂದ್ರದ ಎತ್ತರ 55 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಗುರುತ್ವಾಕರ್ಷಣೆಯ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುವಂಥ ಬಿರುಸಿನ ತಿರುವಿನಲ್ಲಿ ಒಳಗಿನಿಂದ ಹೊರಗೆ ಸರಿಯುವ ಭಾರ ಸುಮಾರು 183 ಕೆ.ಜಿ. ಕಾರನ್ನು 30 ಮಿ.ಮೀ. ತಗ್ಗಿಸಿದರೆ ಅದು ಸುಮಾರು 173 ಕೆ.ಜಿ.ಗೆ ಇಳಿಯುತ್ತದೆ. ಅಂದರೆ ಒಂದಿಂಚಿಗಿಂತ ಹೆಚ್ಚು ತಗ್ಗಿಸಿದ್ದಕ್ಕೆ ಸಿಕ್ಕ ಲಾಭ 10 ಕೆ.ಜಿ., ನೂರಕ್ಕೆ ಐದೂವರೆ ಪಾಲು. ಇದು ಸುಳ್ಳು ಲಾಭವಲ್ಲ, ಆದರೆ ದೊಡ್ಡದೂ ಅಲ್ಲ. ತಗ್ಗಿಸಿದ ಕಾರಿನಲ್ಲಿ ಕೂತವರಿಗೆ ಅನುಭವಕ್ಕೆ ಬರುವ ಚುರುಕಿನಲ್ಲಿ ಹೆಚ್ಚಿನ ಪಾಲು ಸ್ಪ್ರಿಂಗ್ ಗಟ್ಟಿಯಾದದ್ದರಿಂದ ಬಂದದ್ದು, ಎತ್ತರ ಇಳಿದದ್ದರಿಂದಲ್ಲ.

ಈ ಸಣ್ಣ ಲಾಭಕ್ಕೆ ತೆರಬೇಕಾದ ಬೆಲೆ ಹಲವು ಕಡೆಗಳಿಂದ ಬರುತ್ತದೆ. ಮೊದಲನೆಯದು ಸಸ್ಪೆನ್ಷನ್‌ನ ಕೋನಗಳು. ಕಂಪನಿಯ ಎತ್ತರದಲ್ಲಿ ಲೋಯರ್ ಆರ್ಮ್ ಸಾಮಾನ್ಯವಾಗಿ ಚಕ್ರದ ಕಡೆಗೆ ತುಸು ಇಳಿಜಾರಾಗಿರುತ್ತದೆ. ಬಾಡಿ ಇಳಿದಾಗ ಈ ಆರ್ಮ್ ಮಟ್ಟಸವಾಗಿ, ಇನ್ನೂ ಇಳಿಸಿದರೆ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ. ಆಗ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಕಾರು ಇಳಿದದ್ದಕ್ಕಿಂತ ಹೆಚ್ಚು ಕೆಳಗೆ ಹೋಗುತ್ತದೆ. ಗುರುತ್ವ ಕೇಂದ್ರಕ್ಕೂ ಅದಕ್ಕೂ ನಡುವಿನ ಅಂತರ ಹಿಗ್ಗಿ, ಸ್ಪ್ರಿಂಗ್ ಅಷ್ಟೇ ಮೆದುವಾಗಿದ್ದರೆ ತಗ್ಗಿದ ಕಾರು ಮೊದಲಿಗಿಂತ ಹೆಚ್ಚು ವಾಲುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರವು ಒಳಕ್ಕೆ ಬಾಗಿ ರಸ್ತೆಯ ಮೇಲೆ ಚಪ್ಪಟೆಯಾಗಿ ಕೂರಲು ನೆರವಾಗುತ್ತಿದ್ದ ಜ್ಯಾಮಿತಿಯೂ ದುರ್ಬಲವಾಗುತ್ತದೆ. ಸ್ಟೀರಿಂಗ್‌ನ ಟೈ ರಾಡ್ ಮತ್ತು ಲೋಯರ್ ಆರ್ಮ್ ಮೊದಲಿನ ಹೊಂದಾಣಿಕೆ ಕಳೆದುಕೊಂಡರೆ ಗುಂಡಿಯಲ್ಲಿ ಚಕ್ರ ಮೇಲೆದ್ದಾಗಲೆಲ್ಲ ಅದು ತಾನಾಗಿ ಒಳಕ್ಕೋ ಹೊರಕ್ಕೋ ತಿರುಗುತ್ತದೆ. ಸ್ಟೀರಿಂಗ್ ನೇರ ಹಿಡಿದಿದ್ದರೂ ಕಾರು ಅತ್ತಿತ್ತ ಎಳೆಯುವುದು ಇದರಿಂದಲೇ.

ಎರಡನೆಯದು ಸಸ್ಪೆನ್ಷನ್ ಮೇಲೆ-ಕೆಳಗೆ ಆಡಲು ಉಳಿಯುವ ಜಾಗ. ಕಾರು 30 ಮಿ.ಮೀ. ಇಳಿದರೆ ಚಕ್ರ ಮೇಲಕ್ಕೆ ಏರಲು ಇದ್ದ ಜಾಗದಲ್ಲಿ ಅಷ್ಟು ಹೋಯಿತು. ಆ ಜಾಗದ ಕೊನೆಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನ ತುಂಡಿರುತ್ತದೆ. ಚಕ್ರ ಅದಕ್ಕೆ ತಾಗಿದ ಕ್ಷಣ ಮೆದುವಾಗಿದ್ದ ಸಸ್ಪೆನ್ಷನ್ ಒಮ್ಮೆಗೇ ಕಲ್ಲಾಗುತ್ತದೆ. ನೇರ ರಸ್ತೆಯಲ್ಲಿ ಇದು ಬರಿಯ ಬಡಿತ, ಬೆನ್ನಿಗೆ ನೋವು. ತಿರುವಿನ ನಡುವೆ ಹೀಗಾದರೆ ಆ ತುದಿಯ ಹಿಡಿತ ಥಟ್ಟನೆ ಕಡಿದುಹೋಗುತ್ತದೆ. ಮುಂದಿನ ಚಕ್ರಗಳಿಗೆ ಹೀಗಾದರೆ ಕಾರು ತಿರುಗದೆ ನೇರ ಜಾರುತ್ತದೆ; ಹಿಂದಿನವಕ್ಕಾದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ. ಮಳೆಗಾಲದ ಘಾಟಿ ರಸ್ತೆಯಲ್ಲಿ ಇವೆರಡೂ ಪ್ರಾಣಕ್ಕೆ ಸಂಚಕಾರ.

ತಗ್ಗಿಸುವ ವಿಧಾನಗಳಲ್ಲಿ ಅತಿ ಅಗ್ಗದ್ದು ಇರುವ ಸ್ಪ್ರಿಂಗನ್ನೇ ಕತ್ತರಿಸುವುದು. ಇದನ್ನು ಯಾವ ಸಂದರ್ಭದಲ್ಲೂ ಒಪ್ಪಲಾಗದು. ಆರು ಸುತ್ತುಗಳು ಕೆಲಸ ಮಾಡುವ ಸ್ಪ್ರಿಂಗ್‌ನಲ್ಲಿ ಒಂದನ್ನು ಕತ್ತರಿಸಿದರೆ ಅದರ ಬಿರುಸು ನೂರಕ್ಕೆ 20ರಷ್ಟು ಹೆಚ್ಚುತ್ತದೆ, ನಿಜ. ಆದರೆ ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಯ ಮೇಲೆ ಜೋತುಬಿದ್ದಾಗ ಗಿಡ್ಡವಾದ ಸ್ಪ್ರಿಂಗ್ ಸಡಿಲಗೊಂಡು ಜಾಗ ಬಿಟ್ಟು ಸರಿಯಬಹುದು. ಶಾಕ್ ಅಬ್ಸಾರ್ಬರ್‌ನಿಂದ ಬೇರೆಯಾಗಿ ಸ್ಪ್ರಿಂಗ್ ಕೂರುವ ಹಿಂಭಾಗದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕುಗ್ಗಿಸುವುದು ಇದಕ್ಕಿಂತ ಕೆಟ್ಟದ್ದು. ಸ್ಪ್ರಿಂಗ್‌ಗೆ ಕಾರ್ಖಾನೆಯಲ್ಲಿ ಕೊಟ್ಟ ಹದವೆಲ್ಲ ಆ ಬೆಂಕಿಯಲ್ಲಿ ಕೆಡುತ್ತದೆ. ಅದು ದಿನೇ ದಿನೇ ಕುಸಿಯುತ್ತದೆ ಅಥವಾ ಮುರಿಯುತ್ತದೆ.

ಎರಡನೆಯ ವಿಧಾನ ಅದೇ ಮಾದರಿಯ ಕಾರಿಗೆಂದು ತಯಾರಾದ ಲೋಯರಿಂಗ್ ಸ್ಪ್ರಿಂಗ್ ಹಾಕುವುದು. ಇವು ಗಿಡ್ಡವಾಗಿದ್ದು, ಉಳಿದ ಜಾಗಕ್ಕೆ ತಕ್ಕಂತೆ ಗಟ್ಟಿಯಾಗಿಯೂ ಇರುತ್ತವೆ. ಜರ್ಮನಿಯ ಐಬಾಕ್, ಎಚ್ ಅಂಡ್ ಆರ್, ಜಪಾನಿನ ಟೈನ್ ಈ ಕ್ಷೇತ್ರದ ಹೆಸರಾಂತ ತಯಾರಕರು. 15ರಿಂದ 25 ಮಿ.ಮೀ.ವರೆಗೆ ಇಳಿಸುವ ಸ್ಪ್ರಿಂಗ್ ಆದರೆ ಆರೋಗ್ಯವಾಗಿರುವ ಕಂಪನಿಯ ಶಾಕ್ ಅಬ್ಸಾರ್ಬರ್ ಜೊತೆ ಹೇಗೋ ಹೊಂದಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಶಾಕ್ ಅಬ್ಸಾರ್ಬರ್ ಸೋಲುತ್ತದೆ. ಮೆದು ಸ್ಪ್ರಿಂಗಿನ ಪುಟಿತವನ್ನು ಅಡಗಿಸಲು ಮಾಡಿದ ಅದಕ್ಕೆ ಗಟ್ಟಿ ಸ್ಪ್ರಿಂಗಿನ ಪುಟಿತ ಅಡಗಿಸುವ ಶಕ್ತಿ ಇರುವುದಿಲ್ಲ. ಕಾರು ಉಬ್ಬು ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ. ಕುಣಿಯುವಾಗಲೆಲ್ಲ ಟೈರು ರಸ್ತೆಯನ್ನು ಒತ್ತುವ ಬಲ ಏರಿಳಿಯುತ್ತದೆ, ಶಾಕ್ ಅಬ್ಸಾರ್ಬರ್ ಬೇಗ ಸವೆದು ಎಣ್ಣೆ ಸೋರುತ್ತದೆ. ಆದ್ದರಿಂದ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರನ್ನು ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ಕೊಳ್ಳುವುದು ಸರಿಯಾದ ಮೂರನೆಯ ದಾರಿ. ನಾಲ್ಕನೆಯದು ಎತ್ತರವನ್ನು ತಿರುಗಿಸಿ ಹೊಂದಿಸಬಲ್ಲ ಕಾಯಿಲೋವರ್. ಸರಿಯಾಗಿ ಹೊಂದಿಸುವ ತಿಳಿವಳಿಕೆ ಇದ್ದವರಿಗೆ ಅದು ಉತ್ತಮ ಸಾಧನ. ಇಲ್ಲದವರ ಕೈಯಲ್ಲಿ ಕಾರನ್ನು ಆದಷ್ಟು ಕೆಳಗಿಳಿಸುವ ತಿರುಪು ಮಾತ್ರ.

ತಗ್ಗಿಸಿಯೂ ಚೆನ್ನಾಗಿ ಓಡಬಹುದು ಎಂಬುದಕ್ಕೆ 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಸಾಕ್ಷಿ. ಸಾಮಾನ್ಯ ಗಾಲ್ಫ್‌ಗಿಂತ ಅದು ತಗ್ಗಾಗಿತ್ತು. ಆದರೆ ಅದರ ಎಂಜಿನಿಯರ್‌ಗಳು ಎತ್ತರವನ್ನು ಮಾತ್ರ ಮುಟ್ಟಲಿಲ್ಲ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬದಲಿಸಿದರು, ಬಾಡಿ ವಾಲುವುದನ್ನು ತಡೆಯುವ ಆ್ಯಂಟಿ-ರೋಲ್ ಬಾರ್ ಸೇರಿಸಿದರು, ಅಗಲ ಟೈರು ಹಾಕಿದರು, 110 ಅಶ್ವಶಕ್ತಿಯ ಎಂಜಿನ್‌ಗೆ ತಕ್ಕ ಬ್ರೇಕನ್ನೂ ಕೊಟ್ಟರು. ಆ ಕಾರಿನ ಹೆಸರು ಉಳಿದದ್ದು ಈ ಒಟ್ಟು ಹೊಂದಾಣಿಕೆಯಿಂದ.

ಇದಕ್ಕೆ ಪೂರಕವಾದ ಪಾಠ ಕರ್ನಾಟಕದಲ್ಲೇ ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಗಳಲ್ಲಿ ರ‍್ಯಾಲಿ ಓಡಿಸುವವರು ಕಾರನ್ನು ತಗ್ಗಿಸುವುದಿಲ್ಲ. ಚಕ್ರ ಆಡಲು ಹೆಚ್ಚು ಜಾಗ ಬಿಟ್ಟು, ಉತ್ತಮ ಶಾಕ್ ಅಬ್ಸಾರ್ಬರ್ ಹಾಕಿ, ಕಾರನ್ನು ಎತ್ತರದಲ್ಲೇ ಇಡುತ್ತಾರೆ. ಆ ಉಬ್ಬುತಗ್ಗಿನಲ್ಲಿ ಟೈರು ನೆಲ ಬಿಡದಂತೆ ನೋಡಿಕೊಳ್ಳುವ ದಾರಿ ಅದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್‌ನಲ್ಲಿ ರಸ್ತೆ ನುಣುಪಾಗಿರುವುದರಿಂದ ತಗ್ಗಿದ, ಗಟ್ಟಿಯಾದ ಕಾರು ಗೆಲ್ಲುತ್ತದೆ. ಎರಡು ಕಡೆಯೂ ಗುರಿ ಒಂದೇ: ಟೈರು ರಸ್ತೆಯನ್ನು ಬಿಡಬಾರದು. ಅದಕ್ಕೆ ಎಷ್ಟು ಎತ್ತರ ಬೇಕೆಂಬುದನ್ನು ರಸ್ತೆಯೇ ನಿರ್ಧರಿಸುತ್ತದೆ.

ದಿನನಿತ್ಯದ ರಸ್ತೆಯ ಲೆಕ್ಕದಲ್ಲಿ ಹಂಪ್‌ಗಳಿಗೆ ಮೊದಲ ಸ್ಥಾನ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು ಹೊಂದಿರಬೇಕು. ಅಂಥ ಹಂಪ್ ಮೇಲೆ ಸ್ವಿಫ್ಟ್‌ನ ನಾಲ್ಕು ಚಕ್ರಗಳೂ ಇರುವಾಗ ಅದರ ಹೊಟ್ಟೆಯ ಕೆಳಗೆ ಹಂಪ್ ಉಬ್ಬುವುದು ಸುಮಾರು 44 ಮಿ.ಮೀ. ಮಾತ್ರ. ತಗ್ಗಿಸಿದ ಕಾರೂ ಅದನ್ನು ಸಲೀಸಾಗಿ ದಾಟುತ್ತದೆ. ಆದರೆ ಬಡಾವಣೆಗಳಲ್ಲಿ, ಊರ ಬಾಗಿಲಲ್ಲಿ ಮನಬಂದಂತೆ ಎಬ್ಬಿಸಿದ ಕಿರಿದಾದ ಹಂಪ್ ಪೂರ್ತಿಯಾಗಿ ಮುಂದಿನ-ಹಿಂದಿನ ಚಕ್ರಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಇಡೀ ಎತ್ತರ ಕಾರಿನ ಹೊಟ್ಟೆಗೆ ಎದುರಾಗುತ್ತದೆ. 163 ಮಿ.ಮೀ.ನಲ್ಲಿ 40 ತಗ್ಗಿಸಿದರೆ ಉಳಿಯುವುದು 123. ಐದು ಜನ ಕೂತು ಡಿಕ್ಕಿ ತುಂಬಿದರೆ ಅದು ಇನ್ನೂ ಇಳಿಯುತ್ತದೆ. ಆಗ ಮೊದಲು ತಾಗುವುದು ಎಂಜಿನ್‌ನ ಆಯಿಲ್ ಚೇಂಬರ್ ಅಥವಾ ಸೈಲೆನ್ಸರ್ ಪೈಪು. ಚೇಂಬರ್ ಒಡೆದು ಎಣ್ಣೆ ಸೋರಿದ್ದನ್ನು ಗಮನಿಸದೆ ಓಡಿಸಿದರೆ ಎಂಜಿನ್ನೇ ಜಾಮ್ ಆಗುತ್ತದೆ.

ನೋಟದ ಆಸೆಯನ್ನು ಪೂರೈಸಲು ತಗ್ಗಿಸದೆಯೂ ಒಂದು ದಾರಿ ಇದೆ. 185/65 ಆರ್15 ಟೈರಿನ ಒಟ್ಟು ವ್ಯಾಸ ಸುಮಾರು 622 ಮಿ.ಮೀ.; 195/55 ಆರ್16ರ ವ್ಯಾಸ ಸುಮಾರು 621. ಹೊರ ಅಳತೆ ಬದಲಾಗದೆ ರಿಮ್ ದೊಡ್ಡದಾಗಿ ಕಾಣುತ್ತದೆ, ಸ್ಪೀಡೋಮೀಟರ್ ಲೆಕ್ಕವೂ ತಪ್ಪುವುದಿಲ್ಲ. ಇದನ್ನೂ ಅತಿಯಾಗಿ ಮಾಡಬಾರದು. ರಿಮ್ ಭಾರವಾದಷ್ಟೂ ಚಕ್ರ ಗುಂಡಿಯನ್ನು ಹಿಂಬಾಲಿಸುವುದು ನಿಧಾನವಾಗುತ್ತದೆ, ಟೈರಿನ ಗೋಡೆ ತೆಳುವಾದಷ್ಟೂ ಗುಂಡಿಯಲ್ಲಿ ರಿಮ್ ಬಾಗುವ ಸಂಭವ ಹೆಚ್ಚುತ್ತದೆ.

ಕಾನೂನಿನ ಮಾತು ಕಟ್ಟುನಿಟ್ಟು. ಮೋಟಾರು ವಾಹನಗಳ ಕಾಯ್ದೆ 1988ರ 52ನೆಯ ಕಲಮು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಬೀಳಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತವಾದ ದಿನ ಕ್ಲೇಮಿಗೆ ಅಡ್ಡಬರಬಹುದು. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ವಿಚಾರಿಸಿ, ಉತ್ತರವನ್ನು ಬರಹದಲ್ಲಿ ಪಡೆಯುವುದು ವಿವೇಕ. ಟ್ರ್ಯಾಕ್‌ಗೆಂದೇ ಮೀಸಲಾದ ಕಾರಿನ ವಿಚಾರ ಬೇರೆ.

ಹಿಡಿತವೇ ಗುರಿಯಾದವರಿಗೆ ಕೆಲಸದ ಕ್ರಮ ಹೀಗಿರಬೇಕು. ಮೊದಲು ಒಳ್ಳೆಯ ಟೈರು, ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿ ಬರೆದಷ್ಟೇ ಗಾಳಿ. ನಂತರ ವ್ಹೀಲ್ ಅಲೈನ್‌ಮೆಂಟ್. ಆಮೇಲೆ ಸವೆದ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್‌ಗಳ ಬದಲಾವಣೆ. ಹಳೆಯ ಕಾರಿನಲ್ಲಿ ಇಷ್ಟರಿಂದಲೇ ಹೊಸ ಕಾರಿನ ಚುರುಕು ಮರಳುತ್ತದೆ. ಅದರ ನಂತರ ಉತ್ತಮ ಶಾಕ್ ಅಬ್ಸಾರ್ಬರ್. ಇಷ್ಟೂ ಆದ ಮೇಲೆ, ಕಾನೂನಿನ ತೊಡಕಿಲ್ಲವಾದರೆ, ಕೊನೆಯದಾಗಿ 15ರಿಂದ 25 ಮಿ.ಮೀ. ಇಳಿಸುವ ಸ್ಪ್ರಿಂಗ್.

ಸ್ಪ್ರಿಂಗ್ ಹಾಕುವ ಮೊದಲು ಮತ್ತು ನಂತರ ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಬೇಕು. ಲೋಯರ್ ಆರ್ಮ್ ಬುಷ್‌ನ ಬೋಲ್ಟುಗಳನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ ಮಾಡಬೇಕು. ಜ್ಯಾಕ್ ಮೇಲೆ ಚಕ್ರ ತೂಗುತ್ತಿರುವಾಗ ಬಿಗಿದರೆ ಬುಷ್‌ನ ರಬ್ಬರು ಸದಾ ತಿರುಚಿಕೊಂಡಿದ್ದು ಹರಿಯುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು, ಬ್ರೇಕ್ ಪೈಪು, ಎಬಿಎಸ್ ವೈರು ಎಲ್ಲೂ ಉಜ್ಜುವುದಿಲ್ಲವೆಂದು ನೋಡಬೇಕು. ಸ್ಪ್ರಿಂಗ್ ಕೂತು ನೆಲೆಗೊಂಡ ಮೇಲೆ ಮತ್ತೊಮ್ಮೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಬೆಳಕಿನ ಮಟ್ಟವನ್ನೂ ಸರಿಪಡಿಸಬೇಕು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳ ಟೋ, ಅಂದರೆ ಅವು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಮಾತ್ರ ಹೊಂದಿಸಲು ಬರುತ್ತದೆ. ಉಳಿದ ಕೋನಗಳು ಕಂಪನಿ ಹೇಳಿದ ಮಿತಿ ಮೀರಿದ್ದರೆ ಕಾರನ್ನು ಅತಿಯಾಗಿ ತಗ್ಗಿಸಲಾಗಿದೆ ಎಂದೇ ಅರ್ಥ.

ಕಾರನ್ನು ಪ್ರೀತಿಸುವ ಕಿರಿಯರು ತಗ್ಗಿಸುವ ಮೊದಲು ತಮ್ಮ ರಸ್ತೆಯನ್ನೂ ತಮ್ಮ ಟೈರನ್ನೂ ಒಮ್ಮೆ ನೋಡಲಿ. ಕೈಯಲ್ಲಿರುವ ಹಣ ಮಿತವಾಗಿದ್ದರೆ ಅದು ಟೈರು ಮತ್ತು ಶಾಕ್ ಅಬ್ಸಾರ್ಬರ್‌ಗೆ ಹೋಗಲಿ. ಸ್ಪ್ರಿಂಗ್ ಕತ್ತರಿಸಿಕೊಡುತ್ತೇವೆ ಎನ್ನುವ ಗ್ಯಾರೇಜಿನಿಂದ ಕಾರನ್ನು ಹಾಗೆಯೇ ಹೊರಗೆ ತರಲಿ.

ಇತಿ,
ಹಿರಿಯ ಹಿತೈಷಿ